ಹೋರಿಯ ಅಪ್ಪ ಯಾರು?

ಮಹಾಲಿಂಗಪುರ ಅಂದ್ರೆ ಹೊರಗಿನವರಿಗೆ ಬೆಲ್ಲ. ಸ್ವಲ್ಪ ಗೊತ್ತಿದ್ದವರಿಗೆ ಮಹಾಲಿಂಗೇಶ್ವರರ ಜಾತ್ರೆ. ಆದರೆ ನಮ್ಮ ಕಡೆ ಇನ್ನೊಂದು ವ್ಯವಹಾರ ಇದೆ, ಅದಕ್ಕೆ ಬೋರ್ಡೂ ಇಲ್ಲ, ಅಂಗಡಿಯೂ ಇಲ್ಲ. ಖಿಲಾರಿ ಆಕಳು ಸಾಕೋದು, ಕರು ಬೆಳೆಸೋದು, ಹೋರಿ ಮಾರೋದು. ನಮ್ಮ ಕಾಕಾ ಮಾಡೋದು ಇದನ್ನೇ. ಐದು ಆಕಳು, ಒಂದು ಬೀಜದ ಹೋರಿ, ಹಿತ್ತಲಲ್ಲಿ ಕಣಿಕಿ ಬಣವೆ, ಸೀಸನ್‌ನಲ್ಲಿ ಕಬ್ಬಿನ ಸೋಗೆ. ವರ್ಷಕ್ಕೆ ಎರಡೋ ಮೂರೋ ಕರು.

ಈಗ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿದೆ. ಮಿರಜ್ ಕಡೆಯವರು ಬಂದು ಹೋರಿಯನ್ನು 1.80 ಲಕ್ಷಕ್ಕೆ ಕೇಳಿ ಹೋಗಿದ್ದಾರೆ. ಕಾಕಾನ ಮಗ ಕೊಟ್ಟುಬಿಡೋಣ ಅಂತಾನೆ. ಕಾಕಾ ಒಲ್ಲೆ ಅಂತಾರೆ. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನಗೆ ಫೋನ್ ಬಂತು: “ತಮ್ಮಾ, ನೀ ಶಾಣ್ಯಾ ಅದಿ, ಲೆಕ್ಕಾ ಮಾಡಿ ಹೇಳು.”

ಲೆಕ್ಕ ಮಾಡಲು ಕೂತೆ. ಕೂತ ಮೇಲೆ ಗೊತ್ತಾಯ್ತು, ಹೋರಿಗೆ ಬೆಲೆ ಇದೆ, ದಾಖಲೆ ಇಲ್ಲ.

ನಮ್ಮಲ್ಲಿ ಬೆಲೆ ಹೇಗೆ ಕಟ್ಟುತ್ತಾರೆ ನೋಡಿ. ಮೊದಲು ಬಾಯಿ ತೆರೆದು ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ “ಬಾಯಿ ಕೂಡೈತಿ”. ಅಂದ್ರೆ ವಯಸ್ಸು. ಆಮೇಲೆ ಸುಳಿ. ಬೆನ್ನ ಮೇಲೆ, ಹಣೆ ಮೇಲೆ ಕೂದಲು ಎಲ್ಲಿ ತಿರುಗಿದೆ ಅನ್ನೋದರ ಮೇಲೆ ಸಾವಿರಗಟ್ಟಲೆ ಏರುಪೇರು. ಆಮೇಲೆ ಕೊಂಬು, ಗೊರಸು, ನಡಿಗೆ. ಕೊನೆಗೆ ದಲಾಲ ಟವೆಲ್ ಹಾಸಿ ಅದರ ಕೆಳಗೆ ಕೈ ಹಿಡಿಯುತ್ತಾನೆ. ಬೆರಳುಗಳೇ ಮಾತಾಡುತ್ತವೆ, ಸುತ್ತ ನಿಂತವರಿಗೆ ದರ ಗೊತ್ತಾಗೋದಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನಾನು ನೋಡಿದ್ದು ಹೀಗೇ. ಈ ಕಣ್ಣುಗಳು ಸಾಮಾನ್ಯದ್ದಲ್ಲ. ಕಾಕಾ ಹೋರಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಹಿಂಗಾಲಿನ ದೋಷ ಹೇಳಿಬಿಡುತ್ತಾರೆ.

ಆದರೆ ಆ ಟವೆಲ್ ಕೆಳಗೆ ಒಂದು ಪ್ರಶ್ನೆ ಮಾತ್ರ ಬಂದದ್ದನ್ನು ನಾನು ನೋಡಿಲ್ಲ. ಇದರ ಅಪ್ಪ ಯಾರು? ಇದರ ಅವ್ವ ಎಷ್ಟು ಸಲ ಈದಿದ್ದಾಳೆ? ಹುಟ್ಟಿದ ಕರುಗಳು ಹೇಗಿವೆ?

ಉಳಲು ಎತ್ತು ಬೇಕಾದವನಿಗೆ ಇದೆಲ್ಲ ಬೇಡ ಬಿಡಿ. ಎದುರಿಗೆ ನಿಂತ ಎತ್ತು ಗಟ್ಟಿ ಇದ್ದರೆ ಮುಗೀತು. ಆದರೆ ಬೀಜದ ಹೋರಿ ಕೊಳ್ಳುವವನು ಎದುರಿಗೆ ಇರುವುದನ್ನು ಕೊಳ್ಳುತ್ತಿಲ್ಲ, ಇನ್ನೂ ಹುಟ್ಟದ ಕರುಗಳನ್ನು ಕೊಳ್ಳುತ್ತಿದ್ದಾನೆ. ಅದಕ್ಕೆ ಸುಳಿ ನೋಡಿದರೆ ಸಾಲದು.

ಈ ಮಾತನ್ನು ಜಗತ್ತಿನಲ್ಲಿ ಬೇರೆಯವರು ಬಹಳ ಹಿಂದೆಯೇ ಅರ್ಥ ಮಾಡಿಕೊಂಡರು. ಇಂಗ್ಲೆಂಡಿನಲ್ಲಿ ಶಾರ್ಟ್‌ಹಾರ್ನ್ ದನಗಳಿಗೆ ಕೋಟ್ಸ್ ಅನ್ನುವವರು ವಂಶಾವಳಿಯ ಪುಸ್ತಕವನ್ನೇ ಅಚ್ಚು ಹಾಕಿಸಿದ್ದು 1822ರಲ್ಲಿ. ಆಮೇಲೆ ಅಮೆರಿಕಾದಲ್ಲಿ ಮಾಂಸಕ್ಕಾಗಿ ದನ ಸಾಕುವ ಕುಟುಂಬಗಳೂ ಇದೇ ದಾರಿ ಹಿಡಿದವು. ಅಲ್ಲಿ ರಿಜಿಸ್ಟರ್ ಆದ ಹೋರಿ ಅಂದ್ರೆ ಅದಕ್ಕೊಂದು ನಂಬರು, ಅಪ್ಪನ ನಂಬರು, ಅವ್ವನ ನಂಬರು. ಹುಟ್ಟಿದಾಗಿನ ತೂಕ, ಹಾಲು ಬಿಡಿಸಿದಾಗಿನ ತೂಕ, ಒಂದು ವರ್ಷದ ತೂಕ. ಹಾಲು ಬಿಡಿಸುವ ತೂಕವನ್ನು 205 ದಿನಕ್ಕೆ, ವರ್ಷದ ತೂಕವನ್ನು 365 ದಿನಕ್ಕೆ ಸರಿಹೊಂದಿಸಿ ಬರೆಯುತ್ತಾರೆ, ಆಗ ಒಂದನ್ನು ಇನ್ನೊಂದಕ್ಕೆ ಹೋಲಿಸಬಹುದು. ಅನುಮಾನ ಬಂದರೆ ಡಿಎನ್ಎ ಪರೀಕ್ಷೆ. ಮಾರಾಟದ ದಿನ ಕೊಳ್ಳುವವರ ಕೈಯಲ್ಲಿ ಕ್ಯಾಟಲಾಗ್ ಇರುತ್ತದೆ. ಹೋರಿಯನ್ನು ನೋಡುವ ಮೊದಲೇ ಅದರ ಅಜ್ಜನನ್ನು ಓದಿರುತ್ತಾರೆ.

ಇದೆಲ್ಲ ಅವರ ದೇಶದ ಮಾತು, ನಮಗೇನು ಸಂಬಂಧ ಅನ್ನಬಹುದು. ಸಂಬಂಧ ಇದೆ, ಅದೇ ಮಜಾ.

ಅಮೆರಿಕಾದ ಹೆಸರುವಾಸಿ ಮಾಂಸದ ತಳಿಗಳಲ್ಲಿ ಒಂದರ ಹೆಸರು ಬ್ರಾಹ್ಮನ್! ಹಿಣಿಲು ಇರುವ ದನ. ಹುಟ್ಟಿದ್ದು ನಮ್ಮ ದನಗಳಿಂದ. 1854ರಲ್ಲಿ ಲೂಸಿಯಾನಾದ ರಿಚರ್ಡ್ ಬ್ಯಾರೋ ಎಂಬ ಜಮೀನ್ದಾರನಿಗೆ ಬ್ರಿಟಿಷ್ ಸರ್ಕಾರ ಎರಡು ಭಾರತೀಯ ಹೋರಿ ಕೊಟ್ಟಿತು. ಯಾಕೆ ಗೊತ್ತಾ? ಹತ್ತಿ ಮತ್ತು ಕಬ್ಬು ಬೆಳೆಯೋದನ್ನು ಅವರ ಕಡೆಯವರಿಗೆ ಹೇಳಿಕೊಟ್ಟದ್ದಕ್ಕೆ. ಕಬ್ಬಿನ ವಿದ್ಯೆಗೆ ಹೋರಿಯ ದಕ್ಷಿಣೆ! ಅಲ್ಲಿಂದ 1926ರವರೆಗೆ ಅಮೆರಿಕಾಕ್ಕೆ ಹೋದ ಇಂಥ ದನಗಳ ಲೆಕ್ಕ ಅವರ ಹತ್ತಿರ ಇದೆ: 266 ಹೋರಿ, 22 ಹೆಣ್ಣು. 1924ರಲ್ಲಿ ಸಂಘ ಕಟ್ಟಿ ವಂಶದ ಪುಸ್ತಕ ಶುರು ಮಾಡಿದರು. ಮೂಲ ತಳಿಗಳೆಂದು ಹೇಳುವ ಹೆಸರುಗಳು ಗಿರ್, ಕಾಂಕ್ರೇಜ್, ಓಂಗೋಲ್, ಜೊತೆಗೆ ಕೃಷ್ಣಾ ಕಣಿವೆ.

ಕೃಷ್ಣಾ ಕಣಿವೆ ಅಂದ್ರೆ ನಾವೇ. ಮಹಾಲಿಂಗಪುರದ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಈ ಭಾಗದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು, ಅಂಟು ಕರಿಮಣ್ಣಿನ ಎರೆಹೊಲ ಉಳಲು ದೊಡ್ಡ ಮೈಕಟ್ಟಿನ ಎತ್ತು ಬೇಕು ಅಂತ ಹೊರಗಿನ ತಳಿಗಳನ್ನು ಸ್ಥಳೀಯ ದನಕ್ಕೆ ಕೂಡಿಸಿ ಮಾಡಿಸಿದ ತಳಿ ಅದು. ಟ್ರ್ಯಾಕ್ಟರ್ ಬಂತು, ಆ ಎತ್ತಿನ ಕೆಲಸ ಹೋಯಿತು. ಇವತ್ತು ನಮ್ಮೂರಲ್ಲಿ ಆ ತಳಿ ತೋರಿಸಿ ಅಂದ್ರೆ ಹುಡುಕಬೇಕು. ಟೆಕ್ಸಾಸಿನಲ್ಲಿ ಅದರ ದೂರದ ಮೊಮ್ಮಕ್ಕಳಿಗೆ ವಂಶಾವಳಿ ಇದೆ, ಇಲ್ಲಿ ಮೂಲಕ್ಕೇ ಇಲ್ಲ.

ಹಾಗಂತ ನಮ್ಮಲ್ಲಿ ರಿಜಿಸ್ಟ್ರೇಷನ್ ಇಲ್ಲವೇ? ಇದೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ತಳಿಗಳನ್ನು ನೋಂದಾಯಿಸುತ್ತದೆ. ಖಿಲಾರಿಯೂ ಕೃಷ್ಣಾ ಕಣಿವೆಯೂ ಆ ಪಟ್ಟಿಯಲ್ಲಿವೆ. ಆದರೆ ಅದು ತಳಿಯ ನೋಂದಣಿ, ಕಾಕಾನ ಹೋರಿಯದ್ದಲ್ಲ. ಒಂದೊಂದೇ ದನವನ್ನು ದಾಖಲಿಸುವ ಕೇಂದ್ರದ ಹಿಂಡು ನೋಂದಣಿ ಯೋಜನೆ ಅಂತ ಬೇರೆ ಇದೆ. ಅದರಲ್ಲಿ ಸೇರಿದ ದನದ ತಳಿ ನಾಲ್ಕು: ಗಿರ್, ಕಾಂಕ್ರೇಜ್, ಹರಿಯಾಣ, ಓಂಗೋಲ್. ಅದು ಹಾಲಿನ ಲೆಕ್ಕದ ಯೋಜನೆ, ಖಿಲಾರಿ ಹಾಲಿನ ತಳಿ ಅಲ್ಲ.

ಇನ್ನು ಕಿವಿಗೆ ಹಾಕುವ ಹಳದಿ ಬಿಲ್ಲೆ. 12 ಅಂಕಿಯ ನಂಬರು, ಮಾಹಿತಿ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ. ಇದು ಒಳ್ಳೆಯ ಕೆಲಸ. ಲಸಿಕೆಗೆ, ಚಿಕಿತ್ಸೆಗೆ ಬೇಕೇ ಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಸಂತೆ-ಜಾತ್ರೆಗಳು ನಿಂತಾಗ ದನಕ್ಕೆ ಗುರುತು ಇರುವುದರ ಬೆಲೆ ಎಲ್ಲರಿಗೂ ಗೊತ್ತಾಯಿತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರತಿ ದನಕ್ಕೂ ಪ್ರೈಮರಿ ಕೀ ಸಿಕ್ಕಿದೆ. ಕೃತಕ ಗರ್ಭಧಾರಣೆ ಮಾಡಿಸಿದರೆ ವೀರ್ಯದ ನಳಿಕೆಯ ಮೇಲೇ ಹೋರಿಯ ನಂಬರು ಇರುತ್ತದೆ, ಅಪ್ಪನ ಕಾಲಂ ತುಂಬಬಹುದು. ಆದರೆ ಪಕ್ಕದ ಊರಿನಿಂದ ಆಕಳು ಹೊಡೆದುಕೊಂಡು ಬಂದು, 500 ರೂಪಾಯಿ ಕೊಟ್ಟು ಕಾಕಾನ ಹೋರಿಗೆ ಬಿಟ್ಟು ಹೋಗುತ್ತಾರಲ್ಲ, ಆ ಕರುವಿನ ಅಪ್ಪನ ಕಾಲಂ ಖಾಲಿ. ಖಾಲಿ ಕಾಲಂನಿಂದ ಯಾವ ಕ್ವೆರಿ ಬರೆದರೂ ಉತ್ತರ ಬರಲ್ಲ.

ಇಷ್ಟಕ್ಕೂ ಇದು ಈಗ ಯಾಕೆ ಮುಖ್ಯ? ದುಡ್ಡಿನ ಲೆಕ್ಕ ನೋಡಿ.

ಅಮೆರಿಕಾದ ರೈತನಿಗೆ ಎಲ್ಲ ಗಂಡು ಕರುವೂ ಬೀಜದ ಹೋರಿ ಆಗಬೇಕಿಲ್ಲ. ಆಗದೇ ಇದ್ದದ್ದು ಮಾಂಸಕ್ಕೆ ಹೋಗುತ್ತದೆ, ತೂಕಕ್ಕೆ ತಕ್ಕ ದುಡ್ಡು ಬರುತ್ತದೆ. ನಮ್ಮಲ್ಲಿ 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೆ ಪ್ರಮಾಣಪತ್ರ ಪಡೆದು ಆ ದಾರಿ ಇತ್ತು. 2020ರ ಕಾಯ್ದೆ ಅದನ್ನು ಮುಚ್ಚಿತು. ಯಾವ ವಯಸ್ಸಿನ ಹಸು, ಹೋರಿ, ಎತ್ತನ್ನೂ ವಧೆಗೆ ಮಾರುವಂತಿಲ್ಲ. ಕಾಯ್ದೆ ಸರಿಯೋ ತಪ್ಪೋ ಅನ್ನೋ ವಾದಕ್ಕೆ ಬೇರೆ ಜಾಗ ಇದೆ. ನಾನು ಹೇಳೋದು ಲೆಕ್ಕ ಮಾತ್ರ. ಮುದಿಯಾದ ದನಕ್ಕೆ ಮಾರುಕಟ್ಟೆ ಇಲ್ಲ, ಮೇವಿನ ಖರ್ಚು ಇದೆ. ಉಳುಮೆ ಟ್ರ್ಯಾಕ್ಟರಿನದು, ಕಬ್ಬು ಸಾಗಿಸೋದೂ ಹೆಚ್ಚಾಗಿ ಟ್ರ್ಯಾಕ್ಟರೇ. ಹಾಲು ಮನೆ ಚಹಾಕ್ಕೆ ಸಾಕು.

ಹಾಗಾದರೆ ಖಿಲಾರಿ ಉಳಿದದ್ದು ಯಾವುದರ ಮೇಲೆ? ಒಂದು, ಓಟದ ಗಾಡಿ. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಕಂಬಳ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡುವ ರಾಜ್ಯಗಳ ಕಾಯ್ದೆಗಳನ್ನು ಎತ್ತಿಹಿಡಿಯಿತು. ಮಿರಜ್ ಕಡೆಯವರು ಬಂದದ್ದೂ ಅದೇ ಆಸೆಯಿಂದ. ಎರಡು, ಬೀಜ. ಎರಡರಲ್ಲೂ ಮಾರಾಟ ಆಗೋದು ರಕ್ತ, ತೂಕ ಅಲ್ಲ. ರಕ್ತ ಮಾರುವವನ ಹತ್ತಿರ ರಕ್ತದ ಲೆಕ್ಕ ಇಲ್ಲ ಅಂದ್ರೆ ಅವನು ಅರ್ಧ ಬೆಲೆಗೆ ಮಾರುತ್ತಿದ್ದಾನೆ ಅಂತಲೇ ಅರ್ಥ.

ಸರಿ, ನಮ್ಮ ಮನೆಯ ಲೆಕ್ಕ ಎಲ್ಲಿದೆ ಅಂತ ಕೇಳಿದೆ. ಕಾಕಾ ಗೋಡೆ ತೋರಿಸಿದರು. ಕೊಟ್ಟಿಗೆಯ ಗೋಡೆ ಮೇಲೆ ಇದ್ದಲಿನಲ್ಲಿ ಬರೆದ ಕೆಲವು ತಾರೀಖುಗಳು. ಆಕಳು ಹೋರಿಗೆ ಬಿಟ್ಟ ದಿನ, ಈಯುವ ಅಂದಾಜು. ಕರು ಹುಟ್ಟಿದ ಮೇಲೆ ಸುಣ್ಣ.

ನಿಜವಾದ ದಾಖಲೆ ಗೋಡೆಯಲ್ಲಿ ಇರಲಿಲ್ಲ, ಕಾಕು ತಲೆಯಲ್ಲಿತ್ತು. ಸಗಣಿ ಬಳಿಯೋದು, ಹಿಂಡಿ ನೆನೆ ಹಾಕೋದು, ರಾತ್ರಿ ಆಕಳು ಈಯುವಾಗ ಎದ್ದು ಕೂರೋದು ಎಲ್ಲ ಅವರೇ. ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿ ಕೇಳಿದೆ. ಕಾಕು ಅಕ್ಕಿ ಆರಿಸುತ್ತಲೇ ಶುರು ಮಾಡಿದರು: “ಈ ಹೋರಿ ಅವ್ವ ಗೌರಿ. ಗೌರಿ ಅವ್ವನ್ನ ಖರಸುಂಡಿ ಜಾತ್ರ್ಯಾಗ ತಂದಿದ್ರು, ನನ್ನ ದೊಡ್ಡ ಮಗಳು ಹುಟ್ಟಿದ ವರ್ಷ. ಅಕಿ ಏಳು ಸಲ ಈದಳು. ಒಂದ ಕರಾ ಅಷ್ಟ ಹೋತು.” ನಾಲ್ಕು ತಲೆಮಾರು, ಒಂದೂ ತಡವರಿಸಲಿಲ್ಲ. ಯಾವ ಆಕಳಿಗೆ ಕರು ಸುಲಭಕ್ಕೆ ಬರುತ್ತೆ, ಯಾವುದರ ಗಂಡು ಕರುಗಳು ಮುಂಗೋಪಿ, ಯಾವುದರ ಗೊರಸು ಮೆತ್ತಗೆ, ಎಲ್ಲ ಬಂತು. ಹೋರಿ ಕೇಳಲು ಬಂದವರು ಯಾರೂ ಇಷ್ಟು ವರ್ಷ ಅವರನ್ನು ಮಾತಾಡಿಸಿಲ್ಲ. ಚಹಾ ಕುಡಿದು ಹೋಗಿದ್ದಾರೆ.

ಕಾಕುಗೆ ಈಗ ಅರವತ್ತೆಂಟು. ಬ್ಯಾಕಪ್ ಇಲ್ಲದ ಸರ್ವರ್ ಅಂದ್ರೆ ಇದೇ.

ಆ ರೆಕಾರ್ಡಿಂಗ್ ಕೇಳಿ ಬರೆದುಕೊಂಡಾಗ ಹೋರಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಐದು ಆಕಳಲ್ಲಿ ಎರಡಕ್ಕೆ ಈ ಹೋರಿಯಿಂದಲೇ ಹುಟ್ಟಿದ ಮಣಕಗಳಿವೆ. ಒಂದು ಬರುವ ವರ್ಷ ಬೆದಿಗೆ ಬರುತ್ತದೆ. ಹೋರಿ ಇಲ್ಲೇ ಉಳಿದರೆ ಮಗಳನ್ನು ಅಪ್ಪನಿಗೇ ಬಿಟ್ಟಂತೆ. ಹಾಗೆ ಹುಟ್ಟುವ ಕರುವಿನಲ್ಲಿ ಒಳಸಂಕರದ ಪ್ರಮಾಣ ಶೇ. 25. ಕರು ಸಣ್ಣದಾಗೋದು, ಗಬ್ಬ ನಿಲ್ಲದಿರೋದು, ಬಚ್ಚಿಟ್ಟುಕೊಂಡಿದ್ದ ದೋಷ ಹೊರಗೆ ಬರೋದು, ಇವುಗಳ ಅಪಾಯ ಹೆಚ್ಚುತ್ತದೆ. ಊರಿನ ಬೇರೆ ಮನೆಗಳ ಮಣಕಗಳೂ ಇದರ ಮಕ್ಕಳೇ ಆಗಿರಬಹುದು. ಅಂದ್ರೆ ಒಳ್ಳೆಯ ಹೋರಿ ಅನ್ನೋ ಕಾರಣಕ್ಕೇ ಅದು ಊರು ಬಿಡಬೇಕು.

ಕಾಕಾಗೆ ಇದನ್ನು ಹೇಳೋದು ಸುಲಭ ಆಗಲಿಲ್ಲ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯಲು ಬಿಟ್ಟ ಹೋರಿ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮಗಳು ದೊಡ್ಡಾಕಿ ಆದ್ಲು ಅಂದ್ರ ಹೌದ ನೋಡಪಾ, ಹಂಗ ಇಟ್ಕೊಳ್ಳಾಕ ಬರೂದಿಲ್ಲ” ಅಂದರು. ಶೇಕಡಾ ಲೆಕ್ಕಕ್ಕಿಂತ ಅವರಿಗೆ ಆ ಮಾತು ಸಾಕಿತ್ತು.

ಈಗಿನ ತೀರ್ಮಾನ ಇಷ್ಟು. ಹೋರಿ ಕೊಡೋದು, ಆದರೆ 1.80ಕ್ಕೆ ಅಲ್ಲ. ಜೊತೆಗೆ ಎರಡು ಪುಟದ ಕಾಗದ ಕೊಡೋದು. ಕಿವಿ ಬಿಲ್ಲೆಯ ನಂಬರು, ಅಪ್ಪ-ಅವ್ವ, ಅವ್ವ ಎಷ್ಟು ಸಲ ಈದಿದ್ದಾಳೆ, ಹೋರಿಗೆ ಹುಟ್ಟಿದ ಕರುಗಳ ಫೋಟೊ, ಲಸಿಕೆಯ ತಾರೀಖು. ಓಟಕ್ಕೇ ಅಲ್ಲ, ಬೀಜಕ್ಕೂ ಬಳಸುವವರು ಸಿಕ್ಕರೆ ಸ್ವಲ್ಪ ಕಡಿಮೆಗಾದರೂ ಅವರಿಗೇ ಮೊದಲು. ಕೊಂಡವರು ಮುಂದೆ ಹುಟ್ಟುವ ಕರುಗಳ ಫೋಟೊ ವಾಟ್ಸಾಪಿನಲ್ಲಿ ಕಳಿಸಬೇಕು, ಇದು ಕಾಕುನ ಷರತ್ತು. ಆ ದುಡ್ಡಿನಲ್ಲಿ ಬೇರೆ ಊರಿನ, ಬೇರೆ ರಕ್ತದ ಹೋರಿಗರು ತರೋದು. ಎರಡು ಪುಟಕ್ಕೆ ಎಷ್ಟು ದುಡ್ಡು ಹೆಚ್ಚಿಗೆ ಬರುತ್ತೆ ಅನ್ನೋದು ಮಾರಾಟದ ದಿನ ತಿಳಿಯುತ್ತೆ. ಮೊದಲನೇ ಸಲಕ್ಕೆ ಏನೂ ಬರದಿದ್ದರೂ ಎರಡನೇ ಹೋರಿಗೆ ಬರುತ್ತದೆ, ಯಾಕಂದ್ರೆ ಆಗ ತೋರಿಸಲು ಮೊದಲನೆಯದರ ಮಕ್ಕಳಿರುತ್ತವೆ.

ನಿಮ್ಮ ಮನೆಯಲ್ಲೂ ದನ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಆ್ಯಪ್ ಬೇಡ, ಎಕ್ಸೆಲ್ ಕೂಡ ಬೇಡ. 100 ಪುಟದ ಒಂದು ನೋಟ್‌ಬುಕ್ ತಗೊಳ್ಳಿ, ಒಂದು ದನಕ್ಕೆ ಒಂದು ಪುಟ. ಬಿಲ್ಲೆ ನಂಬರು, ಹುಟ್ಟಿದ ದಿನ, ಅಪ್ಪ, ಅವ್ವ, ಯಾವ ದಿನ ಯಾವ ಹೋರಿಗೆ ಬಿಟ್ಟದ್ದು, ಯಾವ ದಿನ ಈದದ್ದು. ತಕ್ಕಡಿ ಇಲ್ಲದಿದ್ದರೆ ಎದೆಯ ಸುತ್ತಳತೆ ಟೇಪಿನಲ್ಲಿ ಹಿಡಿದು ಬರೆಯಿರಿ, ಸಾಕು. ಹೋರಿಗೆ ಆಕಳು ತಂದವರ ಹೆಸರು, ಫೋನ್ ನಂಬರು ಬರೆಯೋದು ಮರೆಯಬೇಡಿ, ನಿಮ್ಮ ಹೋರಿಯ ಅರ್ಧ ವಂಶ ಅವರ ಕೊಟ್ಟಿಗೆಯಲ್ಲಿದೆ.

ಮತ್ತೆ, ಬರೆಯುವ ಮೊದಲು ಅಡುಗೆಮನೆ ಕಡೆ ಹೋಗಿ ಕೇಳಿ. ಯಜಮಾನರಿಗೆ ಹೋರಿಯ ಬೆಲೆ ಗೊತ್ತಿರುತ್ತದೆ. ಅದರ ಅಜ್ಜಿ ಯಾರು ಅನ್ನೋದು ಅಲ್ಲಿ ಗೊತ್ತಿರುತ್ತದೆ.