ಅಜ್ಜಿಗೆ ಬಂದಿದ್ದು ಹದಿನೇಳು ಮಾರ್ಕ್ಸು

ಒಂದೇ ಪುಟದ ಕಾಗದ. ಮೇಲೆ ಆಸ್ಪತ್ರೆಯ ಲೋಗೊ, ಕೆಳಗೆ ಸಹಿ, ನಡುವೆ 17/30. ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಜಾಣ ನಾನೇ. ಹತ್ತು ನಿಮಿಷಕ್ಕೆ ದೊಡ್ಡಪ್ಪನ ಉತ್ತರ ಬಂತು: "ಹಾಗಾದ್ರೆ ಅಮ್ಮನ ಸಹಿ ಇನ್ಮೇಲೆ ನಡೆಯಲ್ಲ."

ತುರುವೇಕೆರೆ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜಿ ಹೆಸರಿಗೆ ಎರಡು ಎಕರೆ ತೆಂಗಿನ ತೋಟ ಇದೆ. ಅದರಲ್ಲಿ ಅರ್ಧ ಅತ್ತೆಗೆ ದಾನಪತ್ರ ಬರೆಯಬೇಕು ಅನ್ನೋದು ಅವಳ ಆಸೆ. ತಾತ ಹೋದ ಮೇಲೆ ಹನ್ನೊಂದು ವರ್ಷದಿಂದ ಅವಳ ಜೊತೆಗಿರೋದು ಅತ್ತೆ. ದೊಡ್ಡಪ್ಪನಿಗೆ ಅದು ಇಷ್ಟವಿಲ್ಲ. ಅಲ್ಲಿಯವರೆಗೆ ಅದು ಅಮ್ಮ-ಮಗನ ಜಗಳವಾಗಿತ್ತು. ನಾನು ಹಾಕಿದ ಫೋಟೊ ಆದ ಮೇಲೆ ಅದು "ಮೆಡಿಕಲ್ ವಿಷಯ" ಆಯಿತು.

ಅಜ್ಜಿಯನ್ನು ಬೆಂಗಳೂರಿಗೆ ಕರೆತಂದಿದ್ದು 2024ರ ಜೂನ್ ಕೊನೆಯ ವಾರ. ಕೇಳಿದ್ದನ್ನೇ ಕೇಳ್ತಾಳೆ, ಕರೆದ್ರೆ ಓಗೊಡಲ್ಲ, ಮಂಕಾಗಿ ಕೂತಿರ್ತಾಳೆ ಅಂತ ಅತ್ತೆ ಹೇಳಿದ್ದಳು. ನಾನು ಅರ್ಧ ದಿನ ರಜೆ ಹಾಕಿ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಾಸ್ಕ್ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿದಳು. ಅದರ ಹೆಸರು ಎಂಎಂಎಸ್ಇ. 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಪ್ರಕಟಿಸಿದ ಪರೀಕ್ಷೆ. ಮೂವತ್ತು ಅಂಕ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಅನುಮಾನ.

ಹೋದ ಹದಿಮೂರು ಅಂಕಗಳ ಲೆಕ್ಕ ಕೊಡ್ತೀನಿ, ನೀವೇ ನೋಡಿ.

ತಾರೀಖು, ತಿಂಗಳು, ಇಸವಿ: ಮೂರು ಅಂಕ ಹೋಯ್ತು. ಅಜ್ಜಿ ಹೇಳಿದ್ದು, "ಕಾರಹುಣ್ಣಿಮೆ ಕಳೆದು ಮೂರ್ನಾಕು ದಿನ ಆಯ್ತು, ಆರಿದ್ರೆ ಮಳೆ ಹುಟ್ಟೈತೆ." ಅದು ಕರಾರುವಾಕ್ಕು ಸರಿ. ನಾನು ಆಮೇಲೆ ಕ್ಯಾಲೆಂಡರ್ ತಿರುವಿ ನೋಡಿದೆ. ಆ ಹಾಳೆಯಲ್ಲಿ ಮಳೆ ನಕ್ಷತ್ರಕ್ಕೆ ಖಾನೆ ಇಲ್ಲ.

ಆಸ್ಪತ್ರೆಯ ಹೆಸರೇನು, ಎಷ್ಟನೇ ಮಹಡಿಯಲ್ಲಿದ್ದೀವಿ: ಎರಡು ಅಂಕ. ಹೆಸರು ಇಂಗ್ಲಿಷಿನದು. ಮಹಡಿಗೆ ಬಂದಿದ್ದು ಲಿಫ್ಟಿನಲ್ಲಿ, ಗುಂಡಿ ಒತ್ತಿದ್ದು ನಾನು.

ನೂರರಿಂದ ಏಳೇಳು ಕಳೆಯುತ್ತಾ ಹೋಗಿ: ನಾಲ್ಕು ಅಂಕ. ತೊಂಬತ್ಮೂರು ಅಂದವಳು "ಯಾತುಕ್ಕೆ ಕಳೀಬೇಕು ಮಗ?" ಅಂತ ನನ್ನ ಮುಖ ನೋಡಿದಳು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಮೂರೂವರೆ ಕ್ವಿಂಟಲಿಗೆ ನಲವತ್ತೆರಡು ಸಾವಿರ ಅಂತ, ನಾನು ಫೋನು ತೆಗೆಯೋಷ್ಟರಲ್ಲಿ ಹೇಳಿದ್ದವಳು ಇವಳೇ.

ಓದಿ, ಬರೆಯಿರಿ, ಒಂದರ ಮೇಲೊಂದು ಬಿದ್ದಿರೋ ಎರಡು ಪಂಚಭುಜ ನೋಡಿ ಚಿತ್ರ ಬಿಡಿಸಿ: ಮೂರು ಅಂಕ. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೆಸರು ಗೀಚೋದನ್ನು ತಾತ ಕಲಿಸಿದ್ದು, ಅದೂ ಸೊಸೈಟಿ ಸಾಲಕ್ಕೆ. ಹಬ್ಬದ ದಿನ ಅಂಗಳದಲ್ಲಿ ಹದಿನೈದು ಚುಕ್ಕಿ ರಂಗೋಲಿ ಇಡೋ ಕೈಗೆ ಪೆನ್ಸಿಲ್ ಹಿಡಿಯೋಕೆ ಬರಲ್ಲ.

ಕಾಗದವನ್ನು ಬಲಗೈಯಲ್ಲಿ ತಗೊಳ್ಳಿ, ಮಡಚಿ, ನೆಲದ ಮೇಲೆ ಇಡಿ: ಒಂದು ಅಂಕ. ತಗೊಂಡಳು, ಮಡಚಿದಳು, ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟಳು. ಕಾಗದ ಅಂದ್ರೆ ಸರಸ್ವತಿ, ಕಾಲ ಬುಡದಲ್ಲಿ ಇಡ್ತಾರಾ?

ಮೂರು, ಎರಡು, ನಾಲ್ಕು, ಮೂರು, ಒಂದು. ಕೂಡಿದರೆ ಹದಿಮೂರು. ಇದರಲ್ಲಿ ಮರೆವಿನಿಂದ ಹೋದ ಅಂಕ ಯಾವುದು ಹೇಳಿ? ನಿಜವಾಗಿ ನೆನಪನ್ನು ಪರೀಕ್ಷಿಸೋ ಪ್ರಶ್ನೆಯೂ ಅದರಲ್ಲಿತ್ತು. ಮೂರು ಪದ ಹೇಳಿ, ಬೇರೆ ಪ್ರಶ್ನೆ ಕೇಳಿ, ಆಮೇಲೆ ಆ ಪದಗಳನ್ನು ವಾಪಸು ಕೇಳೋದು. ಅಜ್ಜಿ ಮೂರನ್ನೂ ಹೇಳಿದಳು. ಮೂರಕ್ಕೆ ಮೂರು! ಆ ಮೂರು ಅಂಕ ಒಟ್ಟು ಮೊತ್ತದಲ್ಲಿ ಎಲ್ಲೋ ಮುಳುಗಿಹೋಯ್ತು.

ಇದು ಗೊತ್ತಿಲ್ಲದ ವಿಷಯವೇನಲ್ಲ. 1993ರಲ್ಲೇ ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರ ಅಂಕಗಳನ್ನು ವಿದ್ಯಾಭ್ಯಾಸದ ಪ್ರಕಾರ ವಿಂಗಡಿಸಿ ಪ್ರಕಟಿಸಿದರು. ಒಂಬತ್ತು ವರ್ಷ ಅಥವಾ ಹೆಚ್ಚು ಓದಿದವರ ಮಧ್ಯದ ಅಂಕ 29. ನಾಲ್ಕು ವರ್ಷದವರೆಗೆ ಓದಿದವರದ್ದು, ಓದದೇ ಇದ್ದವರದ್ದು 22. ಅಂದರೆ ಶಾಲೆ ಕಾಣದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ 24ರ ಗೆರೆಯ ಕೆಳಗೇ ಬೀಳ್ತಾರೆ. ಅದಕ್ಕೇ ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಓದುಬರಹ ಬಾರದ ಹಳ್ಳಿಯ ವೃದ್ಧರಿಗೆಂದೇ ಆ ಪರೀಕ್ಷೆಯನ್ನು ಹಿಂದಿಯಲ್ಲಿ ಬೇರೆ ಥರ ಕಟ್ಟಿ, 1995ರಲ್ಲಿ ಪ್ರಕಟಿಸಿದರು. ಕನ್ನಡಕ್ಕೂ ಇದೆ ಸ್ವಾಮಿ. ಐಸಿಎಂಆರ್‌ನ ಪರೀಕ್ಷಾ ಸಂಚಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ತಯಾರಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುಗಟ್ಟಲೆ ಪರೀಕ್ಷಿಸುವ ಗುರಿಯಿಟ್ಟು, ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರ ಕೆಲಸ ಮಾಡ್ತಿದೆ. ಇಷ್ಟೆಲ್ಲ ಇದ್ದೂ ನಮ್ಮಜ್ಜಿ ಮುಂದೆ ಬಂದಿದ್ದು 1975ರ ಹಾಳೆಯ ಅವಸರದ ಅನುವಾದ.

ಹಾಗಂತ "ಈ ಪರೀಕ್ಷೆಗಳೆಲ್ಲ ಬೋಗಸ್, ಅರವತ್ತಕ್ಕೆ ಅರಳು ಮರಳು ಅನ್ನೋದು ಸಹಜ, ಬಿಡಿ" ಅನ್ನೋರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಹೆಚ್ಚು. ಅರಳು ಮರಳು ಅಂತ ಮೂಲೆಯಲ್ಲಿ ಕೂರಿಸಿದವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಬೇಕಿತ್ತೋ.

ಅದೇ ಹಾಳೆ ಇನ್ನೊಂದು ಕಡೆಯಿಂದಲೂ ಕೈ ಕೊಡುತ್ತೆ. ಚಿಕ್ಕನಾಯಕನಹಳ್ಳಿ ಕಡೆಯ ನನ್ನ ಗೆಳೆಯನ ತಂದೆ ನಿವೃತ್ತ ಗಣಿತ ಮೇಷ್ಟ್ರು. ಅವರಿಗೆ 28 ಬಂತು. ನೂರರಿಂದ ಏಳೇಳು ಕಳೆಯೋದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವರು, ಬರದೇ ಇರುತ್ತಾ? ಮನೆಯವರು ನಿರಾಳವಾದರು. ಅಷ್ಟು ಹೊತ್ತಿಗಾಗಲೇ ಮೇಷ್ಟ್ರು ಕರೆಂಟ್ ಬಿಲ್ಲನ್ನು ಎರಡೆರಡು ಸಲ ಕಟ್ಟುತ್ತಿದ್ದರು. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ದುಡ್ಡು ಇಸ್ಕೊಳ್ಳದೆ ವಾಪಸು ಬಂದಿದ್ದರು. ಕೆ.ಬಿ. ಕ್ರಾಸಿನಲ್ಲಿ ಬಸ್ಸಿಳಿದು ಯಾವ ಕಡೆ ಹೋಗಬೇಕು ಅಂತ ತಿಳಿಯದೆ ಸಂಜೆವರೆಗೂ ನಿಂತಿದ್ದರು. "ಟೆಸ್ಟಲ್ಲಿ ನಾರ್ಮಲ್ ಬಂದಿದೆಯಲ್ಲ" ಅನ್ನೋ ಒಂದೇ ಮಾತಿನಲ್ಲಿ ಎರಡು ವರ್ಷ ಕಳೆದುಹೋಯ್ತು. ಓದದವಳಿಗೆ ಇಲ್ಲದ ಕಾಯಿಲೆ ಅಂಟಿಸಿದ ಅದೇ ಪರೀಕ್ಷೆ, ಓದಿದವರಲ್ಲಿದ್ದ ಕಾಯಿಲೆಯನ್ನು ಮುಚ್ಚಿಟ್ಟಿತು.

ತಪ್ಪು ಹಾಳೆಯದ್ದಲ್ಲ. ಅದು ಮೊದಲ ಜರಡಿ ಅಷ್ಟೇ, ಕಾಯಿಲೆ ಇದೆ ಅಂತ ಅದೊಂದೇ ತೀರ್ಪು ಕೊಡಲಾರದು. ತಪ್ಪು ಅದನ್ನು ತೀರ್ಪಾಗಿ ಬರೆದುಕೊಟ್ಟ ಆಸ್ಪತ್ರೆಯದ್ದು. ಅಷ್ಟೇ ತಪ್ಪು ನಮ್ಮಂಥವರದ್ದು. ನಮಗೆ ಎಲ್ಲದಕ್ಕೂ ಒಂದು ನಂಬರ್ ಬೇಕು. ಆಫೀಸಿನಲ್ಲಿ ರೇಟಿಂಗು, ಕೈಗಡಿಯಾರದಲ್ಲಿ ನಿದ್ದೆಯ ಸ್ಕೋರು. ಅಜ್ಜಿ ಹೇಗಿದ್ದಾಳೆ ಅಂತ ತಿಳಿಯೋಕೆ ಊರಿಗೆ ಹೋಗಿ ನಾಲ್ಕು ದಿನ ಇರಬೇಕು. ಅದರ ಬದಲು ಅರ್ಧ ದಿನದ ರಜೆಯಲ್ಲಿ 17 ಅನ್ನೋ ಸಂಖ್ಯೆ ಸಿಕ್ಕಿತು, ನಾನು ತಗೊಂಡೆ.

ಹೋಗಿದ್ದರೆ ಏನು ಕಾಣ್ತಿತ್ತು ಗೊತ್ತಾ? ನಮ್ಮ ಕಡೆ ಕಾಯಿಯನ್ನು ಹೆಚ್ಚುಕಡಿಮೆ ವರ್ಷ ಅಟ್ಟದಲ್ಲಿ ಬಿಟ್ಟು ಕೊಬ್ಬರಿ ಮಾಡ್ತಾರೆ. ಆಗಿದೆಯೋ ಇಲ್ಲವೋ ಅಂತ ಅಜ್ಜಿ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳ್ತಿದ್ದಳು. ಎರಡು ವರ್ಷದಿಂದ ಕಿವಿಗೆ ಹಿಡಿಯೋದು ಬಿಟ್ಟಿದ್ದಾಳೆ. ಒಳಗಿನ ಗಿಟುಕು ಕೈಗೆ ಬಡಿಯೋದರಲ್ಲೇ ಹೇಳ್ತಾಳಂತೆ. ಕಿವಿ ಮಂದ ಆಗಿದೆ ಅನ್ನೋದು ನಮಗ್ಯಾರಿಗೂ ಹೊಳೆಯಲಿಲ್ಲ. ಕೇಳಿದ್ದನ್ನೇ ಕೇಳ್ತಿದ್ದಳಲ್ಲ, ಉತ್ತರ ಮರೆತು ಅಲ್ಲ, ಉತ್ತರ ಕೇಳಿಸದೆ.

ಬೇರೆ ಆಸ್ಪತ್ರೆಯ ವೈದ್ಯರೊಬ್ಬರು ಮೊದಲು ಅತ್ತೆಯ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ಹತ್ತು ವರ್ಷದ ಹಿಂದೆ ಮಾಡ್ತಿದ್ದ ಯಾವ ಕೆಲಸ ಈಗ ಆಗ್ತಿಲ್ಲ, ದುಡ್ಡು ಎಣಿಸ್ತಾರಾ, ಒಲೆ ಆರಿಸೋದು ಮರೀತಾರಾ, ಊಟ ಸೇರ್ತದಾ, ಅಳ್ತಾರಾ. ಆಮೇಲೆ ಅಜ್ಜಿಯ ಹತ್ತಿರ, ಮಾಸ್ಕ್ ತೆಗೆದು, ಗಟ್ಟಿಯಾಗಿ, ಕನ್ನಡದಲ್ಲಿ. ಕಿವಿ, ಕಣ್ಣು, ಥೈರಾಯ್ಡ್, ಬಿ12 ಎಲ್ಲ ನೋಡಿಸಿದರು. ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯ್ತು, ಕಿವಿಗೆ ಯಂತ್ರ ಬಂತು. ನೆನಪು ವಯಸ್ಸಿಗೆ ತಕ್ಕಷ್ಟು ಇಳಿದಿದೆ, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದರು. ಕಾಯಿಲೆ ಇಲ್ಲವೇ ಇಲ್ಲ ಅಂತ ಅವರು ಹೇಳಲಿಲ್ಲ, ನಾನೂ ಹೇಳ್ತಿಲ್ಲ.

ಹಿರಿಯರನ್ನು ಪರೀಕ್ಷೆಗೆ ಕರೆದೊಯ್ಯೋ ಮೊದಲು ಕಿವಿ, ಕಣ್ಣು ತೋರಿಸಿ. ದಿನವೂ ಜೊತೆಗಿರುವವರನ್ನೇ ಕರ್ಕೊಂಡು ಹೋಗಿ, ನಿಮ್ಮನ್ನಲ್ಲ. ಎಷ್ಟು ಬಂತು ಅಂತ ಕೇಳಬೇಡಿ, ಯಾವುದು ಬರಲಿಲ್ಲ, ಯಾಕೆ ಅಂತ ಕೇಳಿ. ಓದು ಬಾರದವರಿಗೆ ಮಾಡಿದ ಪರೀಕ್ಷೆ ಯಾಕೆ ಬಳಸಲಿಲ್ಲ ಅಂತಲೂ ಕೇಳಿ. ಆ ಕಾಗದವನ್ನು ಗ್ರೂಪಿಗೆ ಮಾತ್ರ ಹಾಕಬೇಡಿ.

ಇನ್ನು ಸಹಿಯ ವಿಷಯ. 1872ರ ಕರಾರು ಕಾಯ್ದೆಯ 12ನೇ ಕಲಂ ಕೇಳೋದು ಇಷ್ಟೇ: ಬರೆದುಕೊಡುವ ಹೊತ್ತಿನಲ್ಲಿ, ಮಾಡುತ್ತಿರೋದು ಏನು ಅಂತ ಅವರಿಗೆ ಅರ್ಥವಾಗುತ್ತಾ, ತಮ್ಮ ಹಿತಕ್ಕೆ ಅದರಿಂದ ಏನಾಗುತ್ತೆ ಅಂತ ಯೋಚಿಸಿ ತೀರ್ಮಾನ ಮಾಡಬಲ್ಲರಾ. ಅದರಲ್ಲಿ ಮೂವತ್ತಕ್ಕೆ ಎಷ್ಟು ಅನ್ನೋ ಮಾತೇ ಇಲ್ಲ. ಹೋದ ವಾರ ಫೋನಿನಲ್ಲಿ ಅಜ್ಜಿ ತೋಟದ ಚಕ್ಕುಬಂದಿ ಹೇಳಿದಳು, ಪೂರ್ವಕ್ಕೆ ಯಾರದ್ದು, ಪಡುವಲಿಗೆ ಯಾರದ್ದು, ತೆಂಕಲಿಗೆ ಹಳ್ಳ, ಬಡಗಲಿಗೆ ಬಂಡಿ ದಾರಿ. ಅರ್ಧ ಯಾಕೆ ಅತ್ತೆಗೆ ಅಂತ ಕೇಳಿದ್ದಕ್ಕೆ, "ಉಳಿದಿದ್ದು ನಿನ್ ದೊಡ್ಡಪ್ಪಂಗೂ ನಿಮ್ಮಪ್ಪಂಗೂ ಐತಲ್ಲ ಮಗ, ಅವಳ್ಗೆ ಯಾರವ್ರೆ?" ಅಂದಳು.

ಆ ಕಾಗದ ದೊಡ್ಡಪ್ಪನ ಬೀರುವಿನಲ್ಲಿದೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ತರ್ತೀನಿ ಅಂದಿದ್ದಾರೆ. ಬರುವ ತಿಂಗಳು ನಾನೂ ಹೋಗ್ತಿದ್ದೀನಿ, ಈ ಸಲ ನಾಲ್ಕು ದಿನ ರಜೆ ಹಾಕಿ.