ಅರ್ಥಶಾಸ್ತ್ರದ ಪಾಠವೂ ನಮ್ಮ ಹೈಸ್ಕೂಲ ಶಿಕ್ಷಕರೂ

2024ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಡೆದ ಸಂಗತಿಯನ್ನು ನಮ್ಮ ವಾಚಕರು ಮರೆತಿರಲಾರರು. ದರವು ಒಮ್ಮೆಲೇ ಕುಸಿದುದನ್ನು ಕಂಡು ರೈತರು ಸಹನೆಯನ್ನು ಕಳೆದುಕೊಂಡರು. ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಕಲ್ಲುಗಳು ಬಿದ್ದವು. ವಾಹನಗಳು ಹೊತ್ತಿ ಉರಿದವು. ಆ ಕೃತ್ಯವನ್ನು ನಾವು ಸಮರ್ಥಿಸುವದಿಲ್ಲ. ಆದರೆ ಅಂದು ಚೀಲಗಳನ್ನು ಹೇರಿಕೊಂಡು ಪೇಟೆಗೆ ಬಂದಿದ್ದ ರೈತರ ಮಕ್ಕಳಲ್ಲಿ ಎಷ್ಟೋ ಜನರು ಮರುದಿನ ಹೈಸ್ಕೂಲಿನ ವರ್ಗಗಳಲ್ಲಿ ಕುಳಿತಿದ್ದಿರಬೇಕು. ಅವರಲ್ಲಿ ಒಬ್ಬ ಹುಡುಗಿಯು ಎದ್ದು ನಿಂತು, “ಸರ್, ಹೋದ ವರ್ಷ ಇದ್ದ ರೇಟು ಈ ವರ್ಷ ಯಾಕ ಇಲ್ಲ? ತೊಗರಿಗೆ, ಹತ್ತಿಗೆ ಬೆಂಬಲ ಬೆಲೆ ಅಂತಾರ, ಮೆಣಸಿನಕಾಯಿಗೆ ಯಾಕ ಇಲ್ಲ?” ಎಂದು ಕೇಳಿದ್ದರೆ ಅವಳಿಗೆ ಉತ್ತರವು ದೊರೆಯುತ್ತಿತ್ತೇ ಎಂಬದೇ ಈ ವಾರ ನಮ್ಮ ಮುಂದಿರುವ ಪ್ರಶ್ನೆ.

ಉತ್ತರವೇನೋ ಇದೆ. ಹೋದ ಸುಗ್ಗಿಯ ದರವನ್ನು ನೋಡಿ ರೈತನು ಈ ಸಲ ಬಿತ್ತುತ್ತಾನೆ. ನೆರೆಯವನೂ ಅದನ್ನೇ ನೋಡಿ ಅದನ್ನೇ ಬಿತ್ತುತ್ತಾನೆ. ನೆರೆಯ ಆಂಧ್ರದವನೂ ಹಾಗೆಯೇ ಮಾಡುತ್ತಾನೆ. ಮಾಲು ಪೇಟೆಗೆ ಬರುವ ಹೊತ್ತಿಗೆ ಎಲ್ಲರ ಮಾಲೂ ಕೂಡಿಯೇ ಬರುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ಹಳೆಯ ಸರಕೂ ಅದರ ಜೊತೆಗೆ ಸೇರುತ್ತದೆ. ದರವು ಬೀಳುತ್ತದೆ, ಬಿದ್ದ ದರವನ್ನು ಕಂಡು ಮುಂದಿನ ವರ್ಷ ಬಿತ್ತುವವರು ಕಡಿಮೆಯಾಗುತ್ತಾರೆ, ಆಗ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಜೇಡರ ಬಲೆಗೆ ಹೋಲಿಸಿ ವಿವರಿಸಿದ್ದಾರೆ. ಇನ್ನು ಬೆಂಬಲ ಬೆಲೆಯ ಮಾತು. ಕೇಂದ್ರ ಸರಕಾರವು 22 ಬೆಳೆಗಳಿಗೆ ಕನಿಷ್ಠ ಬೆಂಬಲ ಬೆಲೆಯನ್ನೂ ಕಬ್ಬಿಗೆ ಪ್ರತ್ಯೇಕವಾಗಿ ನ್ಯಾಯಯುತ ದರವನ್ನೂ ಸಾರುತ್ತದೆ; ಆ ಪಟ್ಟಿಯಲ್ಲಿ ತೊಗರಿಯೂ ಹತ್ತಿಯೂ ಇವೆ, ಒಣಮೆಣಸಿನಕಾಯಿಯಿಲ್ಲ. ಇಷ್ಟನ್ನು ಹತ್ತನೆಯ ವರ್ಗದ ಹುಡುಗಿಗೆ ತಿಳಿಯುವಂತೆ ಒಂದು ತಾಸಿನಲ್ಲಿ ಹೇಳಬಹುದು. ಹೇಳುವವರು ಮಾತ್ರ ಅದನ್ನು ಮೊದಲು ಅರಿತಿರಬೇಕು.

ಇಲ್ಲಿಯೇ ತೊಡಕು. ನಮ್ಮ ಹೈಸ್ಕೂಲುಗಳಲ್ಲಿ ಅರ್ಥಶಾಸ್ತ್ರದ ಶಿಕ್ಷಕರೆಂಬ ಪ್ರತ್ಯೇಕ ವರ್ಗವೇ ಇಲ್ಲ. ಸಮಾಜ ವಿಜ್ಞಾನವೆಂಬ ಒಂದೇ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಲ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳು ಕೂಡಿವೆ. ಆರನ್ನೂ ಕಲಿಸುವವರು ಒಬ್ಬರೇ. ಅವರು ಬಿ.ಎ. ಪರೀಕ್ಷೆಗೆ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಆಸಕ್ತಿಯಿಂದ ಓದಿದವರಾಗಿರಬಹುದು. ಅರ್ಥಶಾಸ್ತ್ರವನ್ನು ಓದಿಯೇ ಇರಬೇಕೆಂಬ ನಿಯಮವಿಲ್ಲ. ಬಿ.ಎಡ್. ಶಿಕ್ಷಣವು 2015ರಿಂದ ಎರಡು ವರ್ಷಗಳದಾಯಿತು, ಸಂತೋಷವೇ. ಆದರೆ ಅಲ್ಲಿ ಕಲಿಸುವ ರೀತಿಯನ್ನು ಹೇಳಿಕೊಡುವರೇ ಹೊರತು ಕಲಿಸಬೇಕಾದ ಶಾಸ್ತ್ರವನ್ನಲ್ಲ. ಹೀಗಾಗಿ ಪುಸ್ತಕದ ಕೊನೆಯ ಭಾಗದಲ್ಲಿ ಬರುವ ಅರ್ಥಶಾಸ್ತ್ರದ ಪಾಠಗಳು ಪರೀಕ್ಷೆಯು ಸಮೀಪಿಸಿದಾಗ ಅವಸರದಿಂದ ಓದಿಸಲ್ಪಡುತ್ತವೆ, ವ್ಯಾಖ್ಯೆಗಳನ್ನು ಬರೆಸಲಾಗುತ್ತದೆ, ಹುಡುಗರು ಅವನ್ನು ಬಾಯಿಪಾಠ ಮಾಡುತ್ತಾರೆ. ಇದರಲ್ಲಿ ಶಿಕ್ಷಕರ ತಪ್ಪು ಎಳ್ಳಷ್ಟೂ ಇಲ್ಲವೆಂದು ನಾವು ಮೊದಲೇ ಹೇಳಿಬಿಡುತ್ತೇವೆ. ತಮಗೆ ಯಾರೂ ಕೊಡದ್ದನ್ನು ಅವರು ಮಕ್ಕಳಿಗೆ ಎಲ್ಲಿಂದ ತಂದು ಕೊಟ್ಟಾರು?

ಶಾಸ್ತ್ರಶಾಸ್ತ್ರಗಳಲ್ಲಿಯೂ ಭೇದವಿದೆಯೆಂಬದನ್ನು ಖಾತೆಯವರು ಗಮನಿಸಿದಂತೆ ಕಾಣುವದಿಲ್ಲ. 1915ರಲ್ಲಿ ದೊರೆತ ಮಸ್ಕಿಯ ಶಾಸನದ ಪಾಠವನ್ನು ಒಮ್ಮೆ ಚೆನ್ನಾಗಿ ಕಲಿತ ಶಿಕ್ಷಕರು ಮೂವತ್ತು ವರ್ಷ ಅದನ್ನೇ ನಿರಾತಂಕವಾಗಿ ಹೇಳಬಹುದು; ಅಶೋಕನು ಬದಲಾಗುವವನಲ್ಲ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಸೇವೆಗೆ ಸೇರಿದ ಶಿಕ್ಷಕರು ಕಲಿತಿದ್ದ ಅರ್ಥವ್ಯವಸ್ಥೆಯಲ್ಲಿ ಎಷ್ಟು ಉಳಿದಿದೆ? ಯೋಜನಾ ಆಯೋಗವು ಹೋಗಿ 2015ರ ಜನವರಿ 1ರಿಂದ ನೀತಿ ಆಯೋಗವು ಬಂದಿತು. ಪಂಚವಾರ್ಷಿಕ ಯೋಜನೆಗಳು ಮುಗಿದವು. 2016ರ ನವೆಂಬರ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದವು. 2017ರ ಜುಲೈ 1ರಿಂದ ಅನೇಕ ತೆರಿಗೆಗಳು ಕೂಡಿ ಸರಕು ಮತ್ತು ಸೇವಾ ತೆರಿಗೆಯಾಯಿತು. ಕನ್ನಡಿಗರು ಕಟ್ಟಿ ಬೆಳೆಸಿದ ಬ್ಯಾಂಕುಗಳಲ್ಲಿ ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಇಷ್ಟೆಲ್ಲ ಆದ ಮೇಲೂ ಶಿಕ್ಷಕರಿಗೆ ಈ ಬದಲಾವಣೆಗಳ ಕಾರಣಗಳನ್ನು ಎದುರಿಗೆ ಕುಳ್ಳಿರಿಸಿಕೊಂಡು ತಿಳಿಸಿದವರು ಯಾರು? ಪುಸ್ತಕದಲ್ಲಿ ಹೆಸರು ಬದಲಾದ ಮಾತ್ರಕ್ಕೆ ತಿಳಿವಳಿಕೆಯು ಬದಲಾಗುವದಿಲ್ಲ.

ತರಬೇತಿಗಳು ನಡೆಯುತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ನಡೆಯುತ್ತಿವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗಳಲ್ಲಿ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. 2020ರ ನೀತಿಯು ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ತಾಸುಗಳಷ್ಟು ವೃತ್ತಿಸಂಬಂಧವಾದ ಕಲಿಕೆಯಲ್ಲಿ ತೊಡಗಬೇಕೆಂದು ಹೇಳಿತು. 2021ರಿಂದ ಹೈಸ್ಕೂಲ ಶಿಕ್ಷಕರಿಗಾಗಿ ನಿಷ್ಠಾ ಎಂಬ ಹೆಸರಿನ ಪಾಠಮಾಲೆಯು ದೀಕ್ಷಾ ವೇದಿಕೆಯ ಮೂಲಕ ಮೊಬೈಲಿನಲ್ಲಿಯೇ ದೊರೆಯಹತ್ತಿತು. ಹೆಸರುಗಳೇನೋ ಗಂಭೀರವಾಗಿವೆ. ಆದರೆ ತರಬೇತಿಯ ನೀರು ಶಿಕ್ಷಕರ ಹೊಲಕ್ಕೆ ಹರಿದು ಬರುವ ಕಾಲುವೆಯನ್ನು ನೋಡಿರಿ. ರಾಜ್ಯಮಟ್ಟದಲ್ಲಿ ಕೆಲವರಿಗೆ ಹೇಳುವರು. ಅವರು ಸಂಪನ್ಮೂಲ ವ್ಯಕ್ತಿಗಳೆನಿಸಿ ಜಿಲ್ಲೆಯಲ್ಲಿ ಹೇಳುವರು. ಅಲ್ಲಿ ಕೇಳಿದವರು ತಾಲೂಕಿನಲ್ಲಿ ಹೇಳುವರು. ಪ್ರತಿ ತೂಬಿನಲ್ಲಿಯೂ ಅಷ್ಟಷ್ಟು ಸೋರಿ, ಕಟ್ಟಕಡೆಯ ಹೊಲಕ್ಕೆ ಬರುವ ಹೊತ್ತಿಗೆ ಮಣ್ಣು ತೋಯುವಷ್ಟೂ ಉಳಿಯುವದಿಲ್ಲ. ಹಾಜರಿಯ ಸಹಿ, ಒಂದೆರಡು ಚಾರ್ಟು, ಗುಂಪು ಚಟುವಟಿಕೆ, ಊಟ, ಪ್ರಮಾಣಪತ್ರ. ಮೊಬೈಲಿನ ಪಾಠದಲ್ಲಿಯಂತೂ ಸಂಶಯವನ್ನು ಕೇಳಬೇಕೆಂದರೆ ಎದುರಿಗೆ ಯಾರೂ ಇರುವದಿಲ್ಲ. ಶಾಲೆಯು ನಡೆಯುವ ದಿನಗಳಲ್ಲಿ ಶಿಕ್ಷಕರನ್ನು ಕರೆಯಿಸಿಕೊಂಡರೆ ಇತ್ತ ವರ್ಗವು ಬರಿದಾಗುವದು ಬೇರೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ತರಬೇತಿಗಳಲ್ಲಿ ಕಲಿಸುವ ವಿಧಾನದ ಚರ್ಚೆಯು ಬೇಕಾದಷ್ಟು ನಡೆದರೂ ಅರ್ಥಶಾಸ್ತ್ರವು ಬರುವದು ಅಪೂರ್ವ. ವಿಧಾನವನ್ನು ನಾವು ಹೀಗಳೆಯುವದಿಲ್ಲ. ಆದರೆ ಒಲೆಯ ಮೇಲಿಡಲು ಅಕ್ಕಿಯೇ ಇಲ್ಲದ ಮನೆಯಲ್ಲಿ ಅಡಿಗೆಯ ವಿಧಾನವನ್ನು ಎಷ್ಟು ಹೊತ್ತು ಚರ್ಚಿಸುವದು?

ಬೇಕಾದುದು ಎಂಥದು ಎಂಬದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ಕಿರುಸಾಲ ಕಂಪನಿಗಳ ವಸೂಲಿಯ ಕಾಟವು ಹಳ್ಳಿಹಳ್ಳಿಗಳಲ್ಲಿ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಬ್ಬ ತಾಯಿಯು 12,000 ರೂಪಾಯಿಗಳ ಸಾಲವನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡಳೆನ್ನಿರಿ. ಬಡ್ಡಿಯು ಶೇಕಡಾ 12 ಎಂದು ಏಜಂಟನು ಹೇಳುತ್ತಾನೆ. ವರ್ಷದ ಬಡ್ಡಿ 1,440. ಅಸಲು ಬಡ್ಡಿ ಕೂಡಿ ತಿಂಗಳಿಗೆ 1,120 ರೂಪಾಯಿಗಳಂತೆ ಹನ್ನೆರಡು ಕಂತು. ಲೆಕ್ಕವು ಸರಿಯಾಗಿಯೇ ಇದೆಯೆಂದು ಅವಳಿಗೆ ತೋರುತ್ತದೆ. ಆದರೆ ಪ್ರತಿ ತಿಂಗಳೂ ಅವಳು 1,000 ರೂಪಾಯಿ ಅಸಲನ್ನು ತಿರುಗಿಸುತ್ತ ಬರುವದರಿಂದ ಅವಳ ಕೈಯಲ್ಲಿ ವರ್ಷದುದ್ದಕ್ಕೂ 12,000 ರೂಪಾಯಿ ಇರುವದೇ ಇಲ್ಲ. ಸರಾಸರಿ ತೆಗೆದರೆ ಇರುವದು 6,500 ಮಾತ್ರ. ಅಷ್ಟಕ್ಕೆ 1,440 ಬಡ್ಡಿಯೆಂದರೆ ನಿಜವಾದ ದರವು ಶೇಕಡಾ 21-22ಕ್ಕೆ ಹೋಗಿ ಮುಟ್ಟುತ್ತದೆ. ಈ ಲೆಕ್ಕವನ್ನು ಮಗಳು ಶಾಲೆಯಲ್ಲಿ ಕಲಿತು ಬಂದು ಸಹಿಯನ್ನು ಹಾಕುವ ಮೊದಲು ತಾಯಿಗೆ ತೋರಿಸಿದರೆ ಆ ಮನೆಯಲ್ಲಿ ಅರ್ಥಶಾಸ್ತ್ರವು ನಿಜವಾಗಿ ಕಾಲಿಟ್ಟಂತೆ.

ಇನ್ನೊಂದು ಮಾತು. ಹಣದುಬ್ಬರವು ಇಳಿಯಿತೆಂದು ಪತ್ರಿಕೆಗಳಲ್ಲಿ ಓದಿದ ಹುಡುಗನು ಸಾಮಾನುಗಳು ಅಗ್ಗವಾದವೆಂದು ತಿಳಿಯುತ್ತಾನೆ. ಸಂತೆಗೆ ಹೋದ ತಂದೆಯು ಹಾಗಿಲ್ಲವೆನ್ನುತ್ತಾನೆ. 100 ರೂಪಾಯಿಯ ಸಾಮಾನು ಶೇಕಡಾ 8ರಂತೆ ಏರಿ 108 ಆಯಿತು. ಮರುವರ್ಷ ಉಬ್ಬರವು ಶೇಕಡಾ 4ಕ್ಕೆ ಇಳಿದರೂ ಅದು 112 ರೂಪಾಯಿಯನ್ನು ದಾಟುತ್ತದೆ. ಏರುವ ವೇಗವು ಕಡಿಮೆಯಾಯಿತೇ ಹೊರತು ಬೆಲೆಯು ಇಳಿಯಲಿಲ್ಲ. ಈ ಭೇದವನ್ನು ಅರಿಯದ ಪದವೀಧರರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಪತ್ರಿಕಾಕರ್ತರೂ ಇದಕ್ಕೆ ಹೊರತಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ.

ಇಂಥ ತಿಳಿವಳಿಕೆಯನ್ನು ಕೊಡುವ ಶಿಬಿರಗಳು ನಾಲ್ಕು ಗೋಡೆಗಳ ನಡುವೆ ಆಗಲಾರವು. ಶಿಕ್ಷಕರನ್ನು ಬ್ಯಾಡಗಿಯ ಪೇಟೆಗೆ, ರಾಮನಗರದ ಗೂಡಿನ ಮಾರುಕಟ್ಟೆಗೆ, ಕಲಬುರ್ಗಿಯ ತೊಗರಿಯ ಪೇಟೆಗೆ ಕರೆದುಕೊಂಡು ಹೋಗಿರಿ. ಟೆಂಡರು ಹೇಗೆ ನಡೆಯುತ್ತದೆ, ಅಡತಿಯವನ ಪಟ್ಟಿಯಲ್ಲಿ ಏನೇನು ಕಡಿತವಾಗುತ್ತದೆ ಎಂಬದನ್ನು ಕಣ್ಣಾರೆ ಕಾಣಲಿ. ಗ್ರಾಮ ಪಂಚಾಯತಿಯ ಮುಂಗಡಪತ್ರವನ್ನು ಅವರ ಕೈಯಲ್ಲಿಟ್ಟು ಓದಿಸಿರಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವು ಹುಟ್ಟಿತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕಿಷ್ಟರಂತೆ ಕಾಸು ಕೂಡಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಉಳಿತಾಯವೆಂದರೇನು, ಪತ್ತು ಎಂದರೇನು ಎಂಬದನ್ನು ಹೇಳಲು ಇವಕ್ಕಿಂತ ಹತ್ತಿರದ ದೃಷ್ಟಾಂತಗಳುಂಟೇ? ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯು ಬೇಕೆಂದು ಗ್ರಂಥವನ್ನು ಬರೆದದ್ದು 1934ರಲ್ಲಿ. ನಮ್ಮ ಮನೆಯ ಹಗೇವಿನಲ್ಲಿ ಕಾಳಿರುವಾಗ ಪರರ ಮನೆಯಲ್ಲಿ ಕಡ ಕೇಳಬೇಕಾಗಿಲ್ಲ.

ಪರದೇಶದವರ ಉದಾಹರಣೆಯನ್ನು ನೋಡುವದರಲ್ಲಿ ಮಾತ್ರ ತಪ್ಪಿಲ್ಲ. ಅಮೇರಿಕೆಯಲ್ಲಿ ಶಾಲಾ ಶಿಕ್ಷಕರಿಗೆ ಅರ್ಥಶಾಸ್ತ್ರವನ್ನು ಕಲಿಸುವದಕ್ಕೆಂದೇ 1949ರಲ್ಲಿ ಒಂದು ಮಂಡಳವು ಸ್ಥಾಪಿತವಾಯಿತು. ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಸೇರಿದ ಕೇಂದ್ರಗಳು ಬೆಳೆದು, ಪ್ರಾಧ್ಯಾಪಕರೂ ಶಾಲಾಶಿಕ್ಷಕರೂ ಒಂದೆಡೆ ಕೂಡುವಂತಾಯಿತು. ನಮ್ಮಲ್ಲಿ ಏನು ಕಡಿಮೆಯಾಗಿದೆ? ಬೆಂಗಳೂರಿನಲ್ಲಿ ಡಾ. ವಿ. ಕೆ. ಆರ್. ವಿ. ರಾಯರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಇವೆ. ಅಲ್ಲಿಯ ವಿದ್ವಾಂಸರು ಬೇಸಿಗೆಯ ರಜೆಯಲ್ಲಿ ಹತ್ತು ದಿನ ಹೈಸ್ಕೂಲ ಶಿಕ್ಷಕರೊಡನೆ ಕುಳಿತರೆ ಅವರ ಘನತೆಗೆ ಕುಂದು ಬರಲಾರದು. ಮೂರು ಕೈ ದಾಟಿ ಬರುವ ವಿದ್ಯೆಗಿಂತ ನೇರವಾಗಿ ಬಂದ ಹತ್ತು ದಿನದ ವಿದ್ಯೆಯು ಮೇಲು.

ಅವರು ಕನ್ನಡದಲ್ಲಿ ಮಾತನಾಡಬೇಕೆಂಬ ಒಂದೇ ಷರತ್ತನ್ನು ನಾವು ಹಾಕುತ್ತೇವೆ. ಕನ್ನಡದಲ್ಲಿ ಕಲಿಸುವ ಶಿಕ್ಷಕರಿಗೆ ಇಂಗ್ಲೀಷಿನ ಚಿತ್ರಫಲಕಗಳನ್ನು ತೋರಿಸಿ, ಅರ್ಥವನ್ನು ಅವರೇ ಮಾಡಿಕೊಳ್ಳಲಿ ಎಂದು ಬಿಡುವದು ಅನ್ಯಾಯ. ಪುಸ್ತಕದಲ್ಲಿ ರಾಜಸ್ವ ಕೊರತೆ, ವಿತ್ತೀಯ ಕೊರತೆ ಎಂಬ ಶಬ್ದಗಳೇನೋ ಅಚ್ಚಾಗಿವೆ. ಆದರೆ ದಿನದ ಖರ್ಚಿಗೇ ಆದಾಯವು ಸಾಲದೆ ಹೋಗುವದು ಒಂದು, ಎಲ್ಲ ವೆಚ್ಚಗಳೂ ಸೇರಿ ಸರಕಾರವು ಹೊಸದಾಗಿ ಸಾಲವೆತ್ತಬೇಕಾದ ಮೊತ್ತವು ಇನ್ನೊಂದು ಎಂದು ಬಿಡಿಸಿ ಹೇಳಿದಾಗ ಮಾತ್ರ ಆ ಶಬ್ದಗಳಿಗೆ ಜೀವವು ಬರುತ್ತದೆ. ಶಬ್ದಗಳು ಬಳಕೆಯಿಂದ ಬಲಿಯುತ್ತವೆ. ಬಳಸುವವರು ವರ್ಗದಲ್ಲಿ ನಿಂತ ಶಿಕ್ಷಕರು.

ಏಕೀಕರಣದ ಹಂಬಲವುಳ್ಳವರಿಗೆ ಈ ವಿಷಯದಲ್ಲಿ ಬೇರೊಂದು ಆಸಕ್ತಿಯೂ ಇರಬೇಕು. 1956ರ ನವೆಂಬರ 1ರಂದು ಕನ್ನಡ ಸೀಮೆಗಳು ಒಂದಾದವು, ಆದರೆ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿಯನ್ನು ಕೊಟ್ಟಾಗ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಲ್ಪಟ್ಟವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ರಾಜ್ಯದ ತಲಾ ಆದಾಯವು ಇಷ್ಟು ಎಂದು ಯಾದಗಿರಿಯ ಹುಡುಗನಿಗೆ ಬಾಯಿಪಾಠ ಮಾಡಿಸಿದರೆ, ಆ ಸರಾಸರಿಯಲ್ಲಿ ಬೆಂಗಳೂರಿನ ಪಾಲೆಷ್ಟು, ತನ್ನ ಊರಿನ ಪಾಲೆಷ್ಟು ಎಂಬದು ಅವನಿಗೆ ತಿಳಿಯುವದಿಲ್ಲ. ಸರಾಸರಿಯ ಒಳಗನ್ನು ಬಿಚ್ಚಿ ತೋರಿಸಬಲ್ಲ ಶಿಕ್ಷಕರು ಆ ಹುಡುಗನಿಗೆ ಬೇಕು. ಆದುದರಿಂದ ಶಿಬಿರಗಳು ಬೆಂಗಳೂರಿನಿಂದ ಆರಂಭವಾಗಿ ಕಟ್ಟಕಡೆಗೆ ಕಲ್ಯಾಣ ಕರ್ನಾಟಕವನ್ನು ಮುಟ್ಟುವ ರೂಢಿಯನ್ನು ಈ ಸಲವಾದರೂ ತಿರುವುಮುರುವು ಮಾಡಬೇಕೆಂದು ನಾವು ಆಗ್ರಹಪಡಿಸುತ್ತೇವೆ.

ಪರೀಕ್ಷೆಯಲ್ಲಿ ಅರ್ಥಶಾಸ್ತ್ರಕ್ಕಿರುವ ಅಂಕಗಳೇ ಕೆಲವು, ಅಷ್ಟಕ್ಕಾಗಿ ಇಷ್ಟೇಕೆ ಎಂಬ ಆಕ್ಷೇಪವನ್ನೂ ನಾವು ಕೇಳಿದ್ದೇವೆ. ಸಾಲದ ಕಾಗದಕ್ಕೆ ಹೆಬ್ಬೆಟ್ಟೊತ್ತುವ ದಿನ ಅಂಕಗಳನ್ನು ಯಾರೂ ಕೇಳುವದಿಲ್ಲ.

ರಾಜ್ಯದ ಶಿಕ್ಷಣ ನೀತಿಯನ್ನು ರೂಪಿಸಲು 2023ರಲ್ಲಿ ನೇಮಕವಾದ ಆಯೋಗದ ಅಧ್ಯಕ್ಷರಾದ ಪ್ರೊ. ಸುಖದೇವ ಥೋರಾಟರು ಸ್ವತಃ ಅರ್ಥಶಾಸ್ತ್ರಜ್ಞರು. 2025ರ ಆಗಸ್ಟದಲ್ಲಿ ಅವರ ವರದಿಯು ಸರಕಾರದ ಕೈಸೇರಿತು. ಅದರ ಮೇಲಿನ ಚರ್ಚೆಯು ನಡೆಯುವಾಗ ಶಿಕ್ಷಣ ಖಾತೆಯವರು ಒಂದು ಸಣ್ಣ ಕೆಲಸವನ್ನು ಮಾಡಲಿ. ಪ್ರತಿ ತಾಲೂಕಿನ ಸಮಾಜ ವಿಜ್ಞಾನ ಶಿಕ್ಷಕರಲ್ಲಿ ಬಿ.ಎ.ಗೆ ಅರ್ಥಶಾಸ್ತ್ರವನ್ನು ಓದಿದವರೆಷ್ಟು, ಓದದವರೆಷ್ಟು ಎಂಬ ಪಟ್ಟಿಯನ್ನು ತಯಾರಿಸಿ ಪ್ರಕಟಿಸಲಿ. ಮುಂದಿನ ಬೇಸಿಗೆಯಲ್ಲಿ ಯಾರನ್ನು ಮೊದಲು ಕರೆಯಬೇಕೆಂಬದು ಆ ಪಟ್ಟಿಯಿಂದಲೇ ತಿಳಿಯುವದು. ಹೋಗಿಬರುವ ಭತ್ತೆಯನ್ನು ಶಿಬಿರವು ಮುಗಿಯುವ ದಿನವೇ ಶಿಕ್ಷಕರ ಕೈಗೆ ಕೊಡುವ ಏರ್ಪಾಡನ್ನೂ ಕೂಡಿಯೇ ಮಾಡಲಿ.