ಹೊಸ ಹಲಗೆ, ಹಳೆಯ ಹಲಗೆ

ನಿವೃತ್ತನಾದ ಮೇಲೆ ಮನೆಯ ಹಿಂದಿನ ಕೊಟ್ಟಿಗೆಯನ್ನು ನಾನು ಬಡಗಿಕೆಲಸದ ಮನೆಯಾಗಿ ಮಾಡಿಕೊಂಡದ್ದು ನಿಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಗಾವಡಗೆರೆಗೆ ಬಂದವರೆಲ್ಲ ಅದನ್ನು ಇಣುಕಿ ನೋಡಿ, "ಮೇಷ್ಟ್ರು ಈ ವಯಸ್ಸಿನಲ್ಲಿ ಆಚಾರಿಯಾದರು" ಎಂದು ನಕ್ಕು ಹೋಗಿದ್ದೀರಿ. ಹಸುಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಒಂದು ಕೆಲಸದ ಮೇಜಿದೆ. ಗೋಡೆಯ ಮೇಲೆ ಗರಗಸ, ಉಳಿ, ಬಾಚಿ, ಕೊಡತಿ, ಬೈರಿಗೆ ಮತ್ತು ಎರಡು ಹತ್ತರಿಗಳು ತೂಗುತ್ತವೆ. ಕಳೆದ ವರ್ಷದ ಯುಗಾದಿಗೆ ಮಗಳು ಒಂದು ಟ್ಯಾಬ್ಲೆಟ್ ತಂದುಕೊಟ್ಟಳು. ಅಂದಿನಿಂದ ಅದೂ ಆ ಮೇಜಿನ ಮೇಲೆ ಬಂದು ಕುಳಿತಿದೆ. ಅದರ ಬಗ್ಗೆ ಮನೆಯಲ್ಲಿಯೂ ಊರಿನಲ್ಲಿಯೂ ನಡೆದ ವಾದವೇ ಈ ಬರಹಕ್ಕೆ ಕಾರಣ.

ಒಂದು ಪಕ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಅವನು ಟ್ಯಾಬ್ಲೆಟ್ಟನ್ನು ನೋಡಿ, "ಸರ್, ಇನ್ನು ನಿಮಗೆ ಆಚಾರ್ರ ಅಗತ್ಯವೇ ಇಲ್ಲ. ಜಗತ್ತಿನ ಬಡಗಿಗಳೆಲ್ಲ ಇದರಲ್ಲಿದ್ದಾರೆ" ಎಂದ. ಇನ್ನೊಂದು ಪಕ್ಷ ನನ್ನ ಭಾವಮೈದುನನದು. "ಉಳಿ ಬಾಚಿ ಇಡುವ ಜಾಗದಲ್ಲಿ ಈ ಆಟದ ಸಾಮಾನೇಕೆ ಭಾವ? ಆಯುಧಪೂಜೆಯ ದಿನ ಇದಕ್ಕೂ ಕುಂಕುಮ ಹಚ್ಚುತ್ತೀರೋ?" ಎಂದು ಅವನು ಕೇಳಿದ. ಇಬ್ಬರೂ ನನಗೆ ಬೇಕಾದವರೇ. ಆದರೆ ಇಬ್ಬರ ಮಾತೂ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲನೆಯವನ ತಪ್ಪು ಹೆಚ್ಚು ಅಪಾಯಕಾರಿ.

ಭಾವಮೈದುನನಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಟ್ಯಾಬ್ಲೆಟ್ಟಿನಿಂದ ನನಗೆ ನಿಜವಾದ ಉಪಕಾರವಾಗಿದೆ. ಒಂದು ಮಣೆಯನ್ನೋ ಕಪಾಟನ್ನೋ ಅಳತೆಗೆ ಸರಿಯಾಗಿ ಬರೆದುಕೊಳ್ಳಲು, ಬರೆದದ್ದನ್ನು ಅಳಿಸಿ ತಿದ್ದಲು ಇದಕ್ಕಿಂತ ಅನುಕೂಲವಾದ ಸಾಧನವನ್ನು ನಾನು ಕಂಡಿಲ್ಲ. ಕನ್ನಡಕ ಹಾಕಿದರೂ ಕಾಣದ ಸಣ್ಣ ಅಂಕಿಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಬಹುದು. ಕರೆಂಟು ಹೋದರೂ ಅದರ ಬೆಳಕು ಹೋಗುವುದಿಲ್ಲ. ಮರದ ಹೊಟ್ಟು ಅದರ ತೂತುಗಳೊಳಗೆ ಸೇರುತ್ತದೆ, ಅಂಟು ಮೆತ್ತಿದ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ ಎಂಬುದು ನಿಜ. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟರೆ ಹೊಟ್ಟೂ ಹೋಗದು, ಅಂಟೂ ತಾಗದು. ಬೆರಳಿನ ಸ್ಪರ್ಶ ಮಾತ್ರ ಚೀಲದ ಮೂಲಕವೂ ಅದಕ್ಕೆ ತಿಳಿಯುತ್ತದೆ. ಉಪಕರಣ ಹೊಸದೆಂಬ ಒಂದೇ ಕಾರಣಕ್ಕೆ ಅದನ್ನು ಹೊಸ್ತಿಲಾಚೆ ನಿಲ್ಲಿಸುವುದು ಪರಂಪರೆಯ ಗೌರವವಲ್ಲ, ಬರೀ ಹಟ.

ಇನ್ನು ವಿದ್ಯಾರ್ಥಿಯ ಮಾತಿಗೆ ಬರೋಣ. ಅವನು ಬಂದ ದಿನವೇ ನಮ್ಮೂರಿನ ಹಿರಿಯ ಆಚಾರ್ರೂ ಮನೆಗೆ ಬಂದಿದ್ದರು. ಅಂಗಳದಲ್ಲಿ ಒಂದು ಸಿಲ್ವರ್ ಓಕ್ ದಿಮ್ಮಿ ಬಿದ್ದಿತ್ತು. ಸುತ್ತಳತೆ 4 ಅಡಿ, ಉದ್ದ 10 ಅಡಿ. ಎಷ್ಟು ಮರ ಸಿಗಬಹುದೆಂದು ಕೇಳಿದೆ. ಆಚಾರ್ರು ನಾಟಾ ವ್ಯಾಪಾರದ ಹಳೆಯ ಲೆಕ್ಕ ಹಾಕಿದರು. ಸುತ್ತಳತೆಯ ನಾಲ್ಕನೆಯ ಒಂದು ಪಾಲು ಒಂದು ಅಡಿ. ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ 10 ಘನ ಅಡಿ. ವಿದ್ಯಾರ್ಥಿ ಟ್ಯಾಬ್ಲೆಟ್ಟಿನಲ್ಲಿ ಅದೇ ಅಳತೆಗಳನ್ನು ಕೊಟ್ಟ. ಅದು 12.73 ಎಂದು ತೋರಿಸಿತು. "ನೋಡಿದಿರಾ ಸರ್, ಆಚಾರ್ರ ಲೆಕ್ಕದಲ್ಲಿ ನೂರಕ್ಕೆ 21ಕ್ಕಿಂತ ಹೆಚ್ಚು ಕಡಿಮೆ ಬಂತು" ಎಂದು ಅವನು ಸಂತೋಷಪಟ್ಟ. ಆಚಾರ್ರು ಬೇಸರಿಸಲಿಲ್ಲ. "ಮಿಕ್ಕಿದ್ದು ಒಲೆಗೆ ಮಗಾ" ಎಂದರು.

ಗಣಿತ ಕಲಿಸಿದ ನನಗೆ ಆ ಕ್ಷಣ ನಾಚಿಕೆಯಾಯಿತು. ಟ್ಯಾಬ್ಲೆಟ್ ಹೇಳಿದ್ದು ಸುಳ್ಳಲ್ಲ. ದುಂಡು ದಿಮ್ಮಿಯ ಗಾತ್ರ ಅಷ್ಟೇ ಇದೆ. ಆದರೆ ದಿಮ್ಮಿಯನ್ನು ಕೊಯ್ಯುವಾಗ ತೊಗಟೆ ಹೋಗುತ್ತದೆ, ಸುತ್ತಲಿನ ದುಂಡು ಹೊರಪಟ್ಟೆಗಳು ಹೋಗುತ್ತವೆ, ಗರಗಸ ತಿಂದದ್ದು ಹೊಟ್ಟಾಗುತ್ತದೆ. ಹಳೆಯ ಲೆಕ್ಕ ಆ ನಷ್ಟವನ್ನು ಮೊದಲೇ ಕಳೆದುಕೊಂಡಿದೆ. ಒಬ್ಬರು ಹೇಳಿದ್ದು ಬಿದ್ದಿರುವ ಮರದ ಗಾತ್ರ, ಇನ್ನೊಬ್ಬರು ಹೇಳಿದ್ದು ಕೈಗೆ ಬರುವ ಹಲಗೆ. ಪ್ರಶ್ನೆ ಯಾವುದೆಂದು ತಿಳಿಯದೆ ಕೊಟ್ಟ ಉತ್ತರಕ್ಕೆ ಪರೀಕ್ಷೆಯಲ್ಲಿ ನಾನು ಅಂಕ ಕೊಡುತ್ತಿರಲಿಲ್ಲ. ಇಂದು ನಾವು ಅದಕ್ಕೆ ಗುರುವಿನ ಪೀಠವನ್ನೇ ಕೊಟ್ಟಿದ್ದೇವೆ.

ಗುರು ಎಂದರೆ ತೋರಿಸುವವನು ಮಾತ್ರವಲ್ಲ, ನೋಡುವವನು. ಪರದೆಯ ಮೇಲಿನ ಬಡಗಿ ನನಗೆ ತೋರಿಸುತ್ತಾನೆ, ನನ್ನನ್ನು ನೋಡುವುದಿಲ್ಲ. ಹತ್ತರಿಯನ್ನು ಮರದ ಎಳೆಗೆ ಎದುರಾಗಿ ತಳ್ಳಿದರೆ ಅದರ ಸದ್ದು ಬದಲಾಗುತ್ತದೆ. ನುಣ್ಣನೆಯ ಸದ್ದು ಹೋಗಿ ತರಚುವ ಸದ್ದು ಬರುತ್ತದೆ, ಮರ ಕಿತ್ತು ಬರುತ್ತದೆ. ನಾನು ಹಾಗೆ ತಳ್ಳಿದಾಗ ಆಚಾರ್ರು ಬೆನ್ನು ತಿರುಗಿಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. ಅಲ್ಲಿಂದಲೇ "ಮೇಷ್ಟ್ರೇ, ಹಲಗೆ ತಿರುಗಿಸಿ" ಎಂದರು. ಅವರು ಕಂಡಿರಲಿಲ್ಲ, ಕೇಳಿದ್ದರು. ಪರದೆಯವನ ಮಾತು ಕೊಟ್ಟಿಗೆಯನ್ನು ತುಂಬಿದ್ದಾಗ ಆ ಸದ್ದು ನನ್ನ ಕಿವಿಗೇ ಬೀಳುತ್ತಿರಲಿಲ್ಲ.

ಶಿಕ್ಷಕರಾದ ನಾವು ಇದನ್ನು 2020ರಲ್ಲಿಯೇ ಕಲಿಯಬೇಕಾಗಿತ್ತು. ಶಾಲೆಗಳು ಮುಚ್ಚಿದಾಗ ಪರದೆಯ ಪಾಠ ಎಲ್ಲ ಮಕ್ಕಳನ್ನು ತಲುಪಲಿಲ್ಲ. ವಿದ್ಯಾಗಮ ಎಂಬ ಕಾರ್ಯಕ್ರಮದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ದೇವಸ್ಥಾನದ ಜಗಲಿಯ ಮೇಲೆ, ಮರದ ನೆರಳಿನಲ್ಲಿ ಪಾಠ ನಡೆಯಿತು. ಮಗುವಿನ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ಪಾಠ ನಿಲ್ಲಿಸಬಲ್ಲ ಯಂತ್ರ ನಮ್ಮ ಬಳಿ ಇರಲಿಲ್ಲ, ಆ ಕೆಲಸಕ್ಕೆ ಮೇಷ್ಟ್ರೇ ಬೇಕಾಯಿತು.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಟ್ಯಾಬ್ಲೆಟ್ ಬಂದ ಎರಡನೆಯ ತಿಂಗಳಲ್ಲಿ ನಾನು ಪರದೆಯನ್ನು ನೋಡಿಕೊಂಡೇ ವಿದ್ಯುತ್ ಗರಗಸದಿಂದ ಹಲಗೆ ಕೊಯ್ಯುತ್ತಿದ್ದೆ. ಮುಂದಿನ ಹೆಜ್ಜೆ ಏನೆಂದು ಒಮ್ಮೆ ಕಣ್ಣೆತ್ತಿದೆ. ಅಷ್ಟರಲ್ಲಿ ಕೊಯ್ದ ಸಂದು ಮುಚ್ಚಿಕೊಂಡು ಗರಗಸದ ಚಕ್ರವನ್ನು ಹಿಡಿಯಿತು. ಗರಗಸ ಹಿಂದಕ್ಕೆ ನೆಗೆಯಿತು. ಎಡಗೈ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದವು. ಬೆರಳು ಉಳಿದದ್ದು ಪುಣ್ಯ. ಮಗಳಿಗೆ ಆಗ ಹೇಳಿದ್ದು "ಉಳಿ ತಾಗಿತು" ಎಂದು. ಇಲ್ಲಿ ನಿಜ ಬರೆಯುತ್ತಿದ್ದೇನೆ, ಅವಳು ಕ್ಷಮಿಸಬೇಕು. ಇದರಲ್ಲಿ ಟ್ಯಾಬ್ಲೆಟ್ಟಿನ ಅಪರಾಧವಿಲ್ಲ, ಕಣ್ಣೆತ್ತಿದವನು ನಾನು. ಆದರೆ ಇಂಥ ಅನೇಕ ವೀಡಿಯೋಗಳಲ್ಲಿ "ನಿಮಗೆ ಚೆನ್ನಾಗಿ ಕಾಣಲೆಂದು ಚಕ್ರದ ಕವಚವನ್ನು ತೆಗೆದಿದ್ದೇನೆ" ಎಂದು ಹೇಳಿಯೇ ಕೆಲಸ ಮಾಡುತ್ತಾರೆ. ನೋಡುವವನು ಮಾತನ್ನು ಮರೆಯುತ್ತಾನೆ, ಕವಚವಿಲ್ಲದ ಚಕ್ರ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಅಂದಿನಿಂದ ನನ್ನ ಕೊಟ್ಟಿಗೆಯಲ್ಲಿ ಒಂದು ನಿಯಮವಿದೆ: ಯಂತ್ರ ತಿರುಗುವಾಗ ಪರದೆ ಮುಚ್ಚಿರಬೇಕು, ಪರದೆ ತೆರೆದಾಗ ಯಂತ್ರ ನಿಂತಿರಬೇಕು.

ಮತ್ತೊಂದು ಸಂಗತಿ. ಆ ವೀಡಿಯೋಗಳ ಮರ ನಮ್ಮ ಮರವಲ್ಲ, ಅಲ್ಲಿನ ಹವೆ ನಮ್ಮ ಹವೆಯಲ್ಲ. ಚಳಿಗಾಲದಲ್ಲಿ ಮನೆಯೊಳಗೆ ಬಿಸಿಗಾಳಿ ಹರಿಸುವ ದೇಶದವನು ಕೊಟ್ಟ ಅಳತೆಗೆ ನಾನು ಚೈತ್ರದಲ್ಲಿ ಒಂದು ಕಪಾಟಿನ ಬಾಗಿಲು ಕೂರಿಸಿದೆ. ಆಷಾಢದ ಮಳೆಗೆ ಅದು ಉಬ್ಬಿ ಕಚ್ಚಿಕೊಂಡಿತು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. "ಒಂದು ನೂಲು ಬಿಡಬೇಕಿತ್ತು" ಎಂದರು ಆಚಾರ್ರು. ನೂಲು ಎಂದರೆ ಅಂಗುಲದ ಎಂಟನೆಯ ಒಂದು ಪಾಲು, 3 ಮಿಲಿಮೀಟರಿಗಿಂತ ತುಸು ಹೆಚ್ಚು. ಟ್ಯಾಬ್ಲೆಟ್ಟಿಗೆ ಮಿಲಿಮೀಟರು ಗೊತ್ತು, ನಮ್ಮ ಆಷಾಢ ಗೊತ್ತಿಲ್ಲ. ಒಂದು ದಿನ ಅದರಲ್ಲಿ "ಹತ್ತರಿ" ಎಂದು ಬರೆದು ಹುಡುಕಿದೆ. ಅದು ನನ್ನ ಕಾಗುಣಿತವನ್ನು ತಿದ್ದಿ ಕತ್ತರಿಯ ಚಿತ್ರಗಳನ್ನು ತೋರಿಸಿತು!

ನನ್ನ ಜಗಳದ ತಿರುಳು ಇಲ್ಲಿದೆ. ಅದಕ್ಕೆ ಹತ್ತರಿ ಗೊತ್ತಿಲ್ಲವೆಂದರೆ ತಪ್ಪು ಅದರದಲ್ಲ, ನಾವು ಹೇಳಿಕೊಟ್ಟಿಲ್ಲ. ಹುಣಸೂರು ಸೀಮೆ ಮರಕ್ಕೆ ಹೆಸರಾದದ್ದು. ನಾಗರಹೊಳೆಯ ಕಾಡಿನಂಚಿನ ತೇಗ, ಬೀಟೆ, ಹೊನ್ನೆ, ಮತ್ತಿಗಳ ನಡುವೆ ಬೆಳೆದ ಕಸುಬು ಇದು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹುಣಸೂರಿನಲ್ಲಿ ಎತ್ತಿನ ಗಾಡಿಗಳನ್ನು ಕಟ್ಟುತ್ತಿದ್ದರು. ನಮ್ಮ ಆಚಾರ್ರು ಯೌವನದಲ್ಲಿ ಗಾಡಿಯ ಚಕ್ರ ಮಾಡಿದವರು. ಗುಂಬವನ್ನು ಯಾವ ಮರದಿಂದ ಕಡೆಯಬೇಕು, ಅರಗಳನ್ನು ಎಷ್ಟು ಬಿಗಿಯಾಗಿ ಕೂರಿಸಬೇಕು, ಕಬ್ಬಿಣದ ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ಎಷ್ಟು ಕಿರಿದಾಗಿ ಬೆಸೆದು, ಕಾಯಿಸಿ ತೊಡಿಸಿ ನೀರೆರೆಯಬೇಕು ಎಂಬುದು ಅವರಿಗೆ ಕೈಬಾಯಿ. 5 ಅಡಿ ಅಡ್ಡಳತೆಯ ಚಕ್ರದ ಪಟ್ಟಿ 500 ಡಿಗ್ರಿ ಬಿಸಿಯಾದರೆ ಒಂದು ಅಂಗುಲದಷ್ಟು ಹಿಗ್ಗುತ್ತದೆಂದು ನಾನು ಕಾಗದದ ಮೇಲೆ ಲೆಕ್ಕ ಮಾಡಬಲ್ಲೆ. ಆದರೆ ಅಷ್ಟು ಕಾದಿದೆಯೆಂದು ಕಬ್ಬಿಣದ ಬಣ್ಣ ನೋಡಿ ಹೇಳಲಾರೆ. ಅವರು ಹೇಳಬಲ್ಲರು. ಅವರಿಗೆ ಈಗ ಎಪ್ಪತ್ತು ದಾಟಿದೆ. ಬಲಗೈ ನಡುಗುತ್ತದೆ. ಮಗ ಮೈಸೂರಿನಲ್ಲಿ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ಅವನನ್ನು ನಾನು ದೂರುವುದಿಲ್ಲ. ಗಾಡಿಯೇ ಇಲ್ಲದ ಊರಿನಲ್ಲಿ ಚಕ್ರ ಕಲಿತು ಅವನು ಏನು ಮಾಡಿಯಾನು?

ನಾನು ದೂರುವುದು ನಮ್ಮನ್ನು, ಓದಿದವರನ್ನು. ಕ್ಯಾಮೆರಾ, ಧ್ವನಿಮುದ್ರಕ, ಅಕ್ಷರ ಎಲ್ಲವೂ ಒಂದೇ ಹಲಗೆಯಲ್ಲಿ ಕೈಸೇರಿದ ಕಾಲದಲ್ಲಿ ನಾವು ಅದನ್ನು ಕಿಟಕಿಯಂತೆ ಮಾತ್ರ ಬಳಸಿದೆವು, ದೂರದವರ ಕೆಲಸವನ್ನು ಬೆರಗಿನಿಂದ ನೋಡಿದೆವು. ಬೀದಿಯಾಚೆ ಕೂತಿರುವವರ ಕೈಯನ್ನು ಅದರಲ್ಲಿ ಬರೆದಿಡಲಿಲ್ಲ. ನಮ್ಮ ಬಾಲ್ಯದಲ್ಲಿ ಸ್ಲೇಟಿಗೆ ಹಲಗೆ ಎಂದೇ ಹೆಸರಿತ್ತು. ಹಲಗೆಯನ್ನು ನೋಡುತ್ತಾ ಕೂತವನು ಅಕ್ಷರ ಕಲಿಯಲಿಲ್ಲ, ಅದರ ಮೇಲೆ ಬರೆದವನು ಕಲಿತ. ಈ ಹೊಸ ಹಲಗೆಯ ಸ್ಥಾನವೂ ಅದೇ. ಅದು ಶಿಷ್ಯನ ಸ್ಲೇಟು, ಗುರುವಿನ ಪೀಠವಲ್ಲ.

"ನಮಗೆ ಆಚಾರ್ರು ಎಲ್ಲಿ ಸಿಗುತ್ತಾರೆ ಸರ್?" ಎಂದು ಬೆಂಗಳೂರಿನಿಂದಲೂ ಅದರಾಚೆಯಿಂದಲೂ ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಪ್ರಶ್ನೆ ನ್ಯಾಯವಾದದ್ದು. ಯಾರೂ ಸಿಗದವನಿಗೆ ಪರದೆಯೇ ಗತಿ. ಏಕಲವ್ಯನಿಗೆ ಮಣ್ಣಿನ ಮೂರ್ತಿಯೇ ಗತಿಯಾಗಿತ್ತು, ನಾನು ಅವನನ್ನು ಹಳಿಯಲಾರೆ. ಆದರೆ ದ್ರೋಣರು ಬೀದಿಯಲ್ಲೇ ಕೂತಿರುವಾಗ ಮೂರ್ತಿಯ ಮುಂದೆ ಕೂರುವುದಕ್ಕೆ ಏನು ನೆವ? ವರ್ಷಕ್ಕೆ ಎರಡು ಸಲವಾದರೂ ನೀವು ಊರಿಗೆ ಬರುತ್ತೀರಿ. ಒಂದು ಮಧ್ಯಾಹ್ನ ಅವರ ಮುಂದೆ ಕೂತು, ಉಪಕರಣಗಳ ಹೆಸರು ಕೇಳಿ ಬರೆದುಕೊಳ್ಳಿ. ಕೈ ಹೇಗೆ ಹಿಡಿಯುತ್ತಾರೆಂದು ಚಿತ್ರ ತೆಗೆಯಿರಿ. ಅರ್ಧ ದಿನದ ಕೂಲಿ ಕೊಡುವುದನ್ನು ಮರೆಯಬೇಡಿ, ವಿದ್ಯೆಯನ್ನು ಬಿಟ್ಟಿ ಪಡೆಯುವುದು ಕಳ್ಳತನ.

ಶಾಲೆಗಳಿಗೂ ಇದೇ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂಬ ಮಾತಿದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಲಿ. ಈ 10 ದಿನಗಳ ಬಗ್ಗೆ ಯಾವ ಪಕ್ಷಕ್ಕೂ ಜಗಳ ಬೇಕಾಗಿಲ್ಲ. ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಡುವ ಉತ್ಸಾಹದಲ್ಲಿ ಅರ್ಧವನ್ನಾದರೂ ಕೊಡತಿ ಉಳಿಗಳ ಮೇಲೆ ತೋರಿಸೋಣ.

ಕಳೆದ ನವರಾತ್ರಿಯಲ್ಲಿ ಭಾವಮೈದುನನ ಪ್ರಶ್ನೆಗೆ ಉತ್ತರ ಕೊಟ್ಟೆ. ಆಯುಧಪೂಜೆಯ ದಿನ ಉಳಿ, ಬಾಚಿ, ಗರಗಸ, ಹತ್ತರಿಗಳಿಗೆ ಕುಂಕುಮ ಹಚ್ಚಿದೆ, ಟ್ಯಾಬ್ಲೆಟ್ಟಿಗೆ ಹಚ್ಚಲಿಲ್ಲ. ಅದನ್ನು ಅದಕ್ಕೂ ಮೊದಲೇ, ಸರಸ್ವತಿ ಪೂಜೆಯ ದಿನ, ಪುಸ್ತಕಗಳ ಜೊತೆಗೆ ಇಟ್ಟಿದ್ದೆ. ಆಗ ಅದರಲ್ಲಿ ಆಚಾರ್ರು ಹೇಳಿ ಬರೆಸಿದ 43 ಉಪಕರಣಗಳ ಹೆಸರುಗಳಿದ್ದವು. ಚಕ್ರದ ಪಾಠ ಇನ್ನೂ ಬಾಕಿ ಇದೆ. ಅವರ ಕೈ ನಡುಗದ ದಿನ ನೋಡಿ ಕೂರಬೇಕು.